ಗುಡದಪ್ಪನ ಹನ್ನೆರಡನೇ ಅರ್ಜಿ

ಅಣ್ಣಿಗೇರಿಯ ಹತ್ತಿ ಮಿಲ್ಲಿನ ಗೇಟಿನಲ್ಲಿ ಹನ್ನೆರಡು ತಾಸು ಕಾವಲು ನಿಂತು, ಪಾಳಿ ಮುಗಿದ ಮೇಲೆ ಮನೆಗೂ ಹೋಗದೆ ಬಸ್ಸು ಹಿಡಿದು ಗುಡದಪ್ಪ ಕಾಕಾ ನನ್ನ ಅಂಗಡಿಗೆ ಬರುತ್ತಿದ್ದ. ಕಿವಿಯ ಮೇಲೆ, ಹುಬ್ಬಿನ ಮೇಲೆ ಹತ್ತಿಯ ಧೂಳು. ಕಂಕುಳಲ್ಲಿ ಒಂದು ಪ್ಲಾಸ್ಟಿಕ್ ಚೀಲ. ಅದರೊಳಗೆ ಮಿಲಿಟರಿಯವರು ಮನೆಗೆ ಕಳಿಸುವಾಗ ಕೊಟ್ಟ ಡಿಸ್ಚಾರ್ಜ್ ಬುಕ್ಕು ಮತ್ತು ಹಿಂದಿನ ಅರ್ಜಿಗಳ ಝೆರಾಕ್ಸು. ಐವತ್ತೆಂಟರ ಮನುಷ್ಯ, ಎಪ್ಪತ್ತರವನ ಹಾಗೆ ಮೆಟ್ಟಿಲು ಹತ್ತುತ್ತಿದ್ದ.

ನಾನು ಫರಹತ್. ನವಲಗುಂದದ ತಹಶೀಲ್ದಾರ ಕಚೇರಿಯ ಎದುರಿಗೆ ಝೆರಾಕ್ಸ್, ಟೈಪಿಂಗ್ ಅಂಗಡಿ ನನ್ನದು. ಹದಿನಾರು ವರ್ಷ ಮಂದಿಯ ಅರ್ಜಿ ಟೈಪ್ ಮಾಡಿ ಮಾಡಿ ನನ್ನ ಸಿಟ್ಟೂ ಸವೆದುಹೋಗಿದೆ ಎಂದುಕೊಂಡಿದ್ದೆ. ಸವೆದಿರಲಿಲ್ಲ.

ವಿಷಯ ಇಷ್ಟೇ. ಕಾಕಾ ಸಿಪಾಯಿಯಾಗಿದ್ದಾಗ ಸಿಯಾಚಿನ್ನಿನ ಹಿಮದ ಮೇಲೆ ಮೂರು ತಿಂಗಳಿದ್ದ. ಅವನ ಸ್ವಂತ ಪಲ್ಟನ್ನು ಕೆಳಗಿತ್ತು. ಮೇಲಿದ್ದ ಇನ್ನೊಂದು ಪಲ್ಟನ್ನಿಗೆ ಭಾರ ಹೊರುವ ಜನ ಬೇಕಾಗಿ ಇವನಂಥವರನ್ನು ಎರವಲು ಕೊಟ್ಟಿದ್ದರು. ಸೀಮೆಎಣ್ಣೆಯ ಡಬ್ಬಿ ಬೆನ್ನಿಗೆ ಕಟ್ಟಿಕೊಂಡು ಹತ್ತುವುದು, ಖಾಲಿ ಡಬ್ಬಿ ಹೊತ್ತು ಇಳಿಯುವುದು. ಎರಡು ಸಲ ಡಬ್ಬಿಯ ಬದಲು ಹೆಣ ಹೊತ್ತು ಇಳಿದನಂತೆ. ಅದನ್ನು ಹೇಳುವಾಗ ಅವನು ನನ್ನ ಮುಖ ನೋಡುತ್ತಿರಲಿಲ್ಲ.

ಕೊನೆಗೆ ಅಲ್ಲಿಯ ಕರ್ನಲ್ ಸಾಹೇಬರು ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಪದಕ ಚುಚ್ಚಿದರು. ಕಾಕಾನಿಗೂ ಚುಚ್ಚಿದರು. ಹೆಸರು ಆಮೇಲೆ ಕೊರೆಸೋಣ ಎಂದರು. ಆದರೆ ಆ ಪಲ್ಟನ್ನಿನವರು ತಮ್ಮ ಹುಡುಗರ ಹೆಸರಷ್ಟೇ ದಾಖಲೆಯಲ್ಲಿ ಬರೆದುಕೊಂಡರು. ಎರವಲು ಬಂದವರಿಗೆ ಒಂದೊಂದು ಚೀಟಿ ಕೊಟ್ಟು, ನಿಮ್ಮ ಪಲ್ಟನ್ನಿನಲ್ಲಿ ಬರೆಸಿಕೊಳ್ಳಿ ಎಂದು ಕಳಿಸಿದರು. ಕಾಕಾ ಆ ಚೀಟಿಯನ್ನು ತಂದು ತನ್ನ ಪಲ್ಟನ್ನಿನ ಗುಮಾಸ್ತನ ಕೈಗೆ ಕೊಟ್ಟ. ಅಲ್ಲಿಗೆ ಚೀಟಿಯ ಕಥೆ ಮುಗಿಯಿತು. ಬುಕ್ಕಿನಲ್ಲಿ ‘ಪದಕಗಳು’ ಎಂಬಲ್ಲಿ ಇವತ್ತಿಗೂ ಒಂದು ಅಡ್ಡ ಗೀಟು ಮಾತ್ರ ಇದೆ.

ಆ ಗುಮಾಸ್ತ ಕಾಕಾನ ಊರಿನವನೇ, ಕಾಶಿನಾಥ. ಮೂವತ್ತು ಎಕರೆ ಎರೆ ಹೊಲದ ಮನೆತನ. ಗುಮಾಸ್ತನಾಗಿ ಸೇರಿ ಸುಬೇದಾರನಾಗಿ ನಿವೃತ್ತನಾದವನು. ಈಗ ನಮ್ಮ ಕಡೆಯ ಮಾಜಿ ಸೈನಿಕರ ಒಂದು ಸಂಘಕ್ಕೆ ಅವನೇ ಅಧ್ಯಕ್ಷ.

ಇಷ್ಟು ವರ್ಷ ಕಾಕಾ ಆ ಗೀಟಿನ ಬಗ್ಗೆ ತಲೆ ಕೆಡಿಸಿಕೊಂಡಿರಲಿಲ್ಲ. ಪದಕ ಟ್ರಂಕಿನಲ್ಲಿತ್ತು. ಆಗಸ್ಟ್ ಹದಿನೈದಕ್ಕೆ ಅಂಗಿಗೆ ಚುಚ್ಚಿಕೊಂಡು ಊರ ಶಾಲೆಗೆ ಹೋಗಿ ನಿಲ್ಲುತ್ತಿದ್ದ. ಮೂರು ವರ್ಷದ ಹಿಂದೆ ಅದೇ ಶಾಲೆಯ ಅಂಗಳದಲ್ಲಿ ಕಾಶಿನಾಥ ಎಲ್ಲರ ಮುಂದೆ ಕೇಳಿದ.

“ಏನಲೇ ಗುಡದ್ಯಾ, ಇದನ್ನ ಯಾವ ಸಂತ್ಯಾಗ ತಂದಿ?”

“ಕರ್ನಲ್ ಸಾಹೇಬ್ರು ಚುಚ್ಚಿದ್ದರಿ.”

“ಬುಕ್ಕಿನ್ಯಾಗ ಐತೇನು? ಇಲ್ಲಂದ್ರ ತಗದು ಕಿಸೇದಾಗ ಇಟ್ಕೋ. ಹುಡುಗ್ರ ಮುಂದ ಸುಳ್ಳು ಬ್ಯಾಡ.”

ಕಾಕಾ ತೆಗೆದು ಕಿಸೆಯಲ್ಲಿಟ್ಟುಕೊಂಡ. ಅವತ್ತಿನಿಂದ ಊರಲ್ಲಿ ಅವನ ಹೆಸರು ‘ಸಂತಿ ಮಿಲ್ಟ್ರಿ’ ಎಂದಾಯಿತು. ಹತ್ತಿ ಬಿಡಿಸಲು ಹೋದ ಅವನ ಹೆಂಡತಿ ಸಣ್ಣವ್ವನನ್ನೂ ಹೊಲದಲ್ಲಿ ಆಡಿಕೊಂಡರು. ಅವಳು ಗಂಡನನ್ನು ಕರೆದುಕೊಂಡು ಸೀದಾ ನನ್ನ ಅಂಗಡಿಗೆ ಬಂದಳು.

“ನಮಗ ರೊಕ್ಕ ಬ್ಯಾಡವಾ, ಪಿಂಚಣಿ ಬರತೈತಿ. ಬುಕ್ಕಿನ್ಯಾಗ ಮೆಡಲ್ ಬರಸಿಕೊಡು. ಅಷ್ಟ ಸಾಕು,” ಎಂದಳು.

ಹತ್ತು ಅರ್ಜಿ ಹಾಕಿದೆವು. ಮೊದಲಿನ ಮೂರಕ್ಕೆ ಉತ್ತರವೇ ಇಲ್ಲ. ಒಂದು, ನಮೂನೆ ಬದಲಾಗಿದೆ ಎಂದು ಹೊರಳಿ ಬಂತು. ಇನ್ನೊಂದು ಸಲ ಬೇರೆ ಯಾವನೋ ಪಂಜಾಬಿನ ಸಿಪಾಯಿಯ ಉತ್ತರ ನಮ್ಮ ವಿಳಾಸಕ್ಕೆ ಬಂತು. ಪಾಪ, ಅವನೂ ಎಲ್ಲಿಯೋ ಕಾಯುತ್ತಿರಬೇಕು. ಹತ್ತನೆಯದಕ್ಕೆ ಬಂದ ಉತ್ತರದಲ್ಲಿ ‘ಮೂಲ ಪುರಾವೆ ಲಗತ್ತಿಸಿ’ ಎಂದಿತ್ತು.

“ಮೂಲ ಪುರಾವೆ ಅಂದ್ರ ಒರಿಜಿನಲ್ ಕಾಕಾ. ಝೆರಾಕ್ಸ್ ನಡ್ಯಾಂಗಿಲ್ಲಂತ,” ಎಂದೆ.

“ಒರಿಜಿನಲ್ ಅಂದ್ರ ಇದೊಂದ ಐತಿ ನೋಡವಾ.” ಕಾಕಾ ಕಿಸೆಯಿಂದ ಪದಕ ತೆಗೆದು ನನ್ನ ಟೇಬಲ್ಲಿನ ಮೇಲಿಟ್ಟ.

“ಕೊಡಬ್ಯಾಡ್ರಿ. ಫೋಟೋ ಹೊಡದು ಕಳಸ್ರಿ,” ಎಂದಳು ಸಣ್ಣವ್ವ.

“ಮಿಲ್ಟ್ರಿಯವರು ಕೇಳ್ಯಾರ. ಕಳಸಾಕ ಬೇಕು,” ಎಂದ ಕಾಕಾ.

ಸರಕಾರಿ ಕಚೇರಿಗೆ ಒರಿಜಿನಲ್ ಕೊಡಬೇಡಿ ಎಂದು ತಾಲೂಕಿಗೆಲ್ಲ ಬುದ್ಧಿ ಹೇಳುವವಳು ನಾನು. ಅವತ್ತು ನನ್ನ ಬುದ್ಧಿ ಎಲ್ಲಿ ಮೇಯಲು ಹೋಗಿತ್ತೋ. ನಾನೇ ಹತ್ತಿಯಲ್ಲಿ ಸುತ್ತಿ, ಡಬ್ಬಿಯಲ್ಲಿಟ್ಟು, ಹನ್ನೊಂದನೇ ಅರ್ಜಿಯ ಜೊತೆ ರಿಜಿಸ್ಟರ್ ಪೋಸ್ಟ್ ಮಾಡಿಸಿದೆ.

ನಾಲ್ಕು ತಿಂಗಳ ಮೇಲೆ ಉತ್ತರ ಬಂತು. ಕಾಕಾನಿಗೆ ಓದಿ ಹೇಳಿದೆ. ದಾಖಲೆಯ ಪ್ರಕಾರ ಸದರಿಯವರಿಗೆ ಪದಕ ಮಂಜೂರಾಗಿಲ್ಲ. ಆದ್ದರಿಂದ ಅದು ಅವರ ಬಳಿ ಇದ್ದದ್ದು ಅನಧಿಕೃತ. ವಸ್ತುವನ್ನು ವಶಕ್ಕೆ ಪಡೆಯಲಾಗಿದೆ. ಬಿಡುಗಡೆಯ ದಿನ ಎಲ್ಲ ನಮೂದು ಸರಿಯಾಗಿವೆ ಎಂದು ಅವರೇ ಸಹಿ ಮಾಡಿದ್ದಾರೆ.

“ಸಹಿ ಮಾಡೀಯೇನು ಕಾಕಾ?”

“ಮಾಡೇನಿ. ಮಾಡು ಅಂದ್ರು, ಮಾಡಿದೆ. ಹದಿನೇಳು ವರ್ಷ ಹಂಗ ಮಾಡೇನಲ್ಲ.” ಕಾಗದ ಮಡಚಿ ಚೀಲದಲ್ಲಿಟ್ಟ. “ಅಂದ್ರ ನಾ ಈಗ ಕಳ್ಳ ಆದ್ನೇನು ಫರಹತ್?”

ನನಗೆ ಅಳು ಬಂತು. ಗಿರಾಕಿಗಳು ನೋಡುತ್ತಿದ್ದರು, ನೋಡಲಿ ಎಂದು ಅತ್ತೆ. ಮರುದಿನ ಅಂಗಡಿ ಮುಚ್ಚಿ ಕಾಕಾನನ್ನು ಕರೆದುಕೊಂಡು ಕಾಶಿನಾಥನ ಮನೆಗೆ ಹೋದೆ. ನನಗೆ ಕುರ್ಚಿ ಹಾಕಿದರು. ಕಾಕಾ ಅಂಗಳದಲ್ಲೇ ನಿಂತ.

“ಇವರು ಮ್ಯಾಲ ಹೋಗಿದ್ದು ನಿಮಗ ಗೊತ್ತೈತಿ. ಒಂದು ಸಾಲು ಬರದು ಕೊಡ್ರಿ ಸಾಹೇಬ್ರ,” ಎಂದೆ.

“ಗೊತ್ತೈತಿ ತಂಗಿ. ಆದ್ರ ಬರದು ಕೊಟ್ರ, ಚೀಟಿ ಏನಾತು ಅಂತ ನನ್ನ ಕೇಳ್ತಾರ. ನನಗ್ಯಾಕ ಈ ವಯಸ್ಸಿನ್ಯಾಗ ಉಸಾಬರಿ?”

“ಏನಾತ್ರಿ ಚೀಟಿ?”

ಕಾಶಿನಾಥ ಚಹಾ ಬಸಿಗೆ ಹಾಕಿಕೊಂಡು ಕುಡಿದ. ಅವನಿಗೆ ನಾಚಿಕೆಯೇನೂ ಆದಂತೆ ಕಾಣಲಿಲ್ಲ. “ಅಂಥಾ ಚೀಟಿ ಹತ್ತು ಹನ್ನೆರಡು ಬಂದಿದ್ದುವು. ಭಾರ ಹೊರೂ ಮಂದೀದು. ಕೆಲಸದ ಗದ್ದಲ, ಯಾರು ಕೇಳ್ತಾರ ಅಂತ ಬಿಟ್ಟೆ. ಇಷ್ಟು ವರ್ಷ ಯಾರು ಕೇಳ್ಯಾರ ಹೇಳು.”

ಕಾಕಾ ಅಂಗಳದಿಂದ ಕಟ್ಟೆ ಹತ್ತಿ ಬಂದ. ಆ ಮನೆಯ ಕಟ್ಟೆಯನ್ನು ಅವನು ಹುಟ್ಟಿದಾಗಿನಿಂದ ಹತ್ತಿರಲಿಲ್ಲ.

“ಎಲ್ಲಾರದೂ ಬಿಟ್ರೇನ್ರಿ?” ಎಂದು ಕೇಳಿದ.

“ಕೆಳಗ ನಿಂತು ಮಾತಾಡಲೇ.”

ಕಾಕಾ ಕೆಳಗೆ ಇಳಿಯಲಿಲ್ಲ. ಕಾಶಿನಾಥನ ಮುಖವನ್ನು ಒಂದು ಸಲ ಸರಿಯಾಗಿ ನೋಡಿ, “ನಡಿ ಹೋಗೂಣು,” ಎಂದು ನನಗೆ ಹೇಳಿದ. ಬಸ್ ಸ್ಟ್ಯಾಂಡಿಗೆ ಬಂದೆವು. ಅಲ್ಲಿ ತನ್ನ ಜೊತೆ ಭಾರ ಹೊತ್ತವರ ಹೆಸರು ಹೇಳತೊಡಗಿದ. ತಂಬೂರದವ ಒಬ್ಬ, ಕುಂದಗೋಳದ ಕಡೆಯವರು ಇಬ್ಬರು, ಹೀಗೆ. ನಾನು ಬಸ್ ಟಿಕೆಟ್ಟಿನ ಹಿಂದೆ ಬರೆದುಕೊಂಡೆ.

ಮಿಲ್ಲಿಗೆ ಹದಿನೈದು ದಿನ ರಜೆ ಹಾಕಿ ಕಾಕಾ ಊರೂರು ತಿರುಗಿದ. ಆರು ಮನೆ ಸಿಕ್ಕವು. ಒಬ್ಬ ಟಂಟಂ ರಿಕ್ಷಾ ಓಡಿಸುತ್ತಿದ್ದ, ಒಬ್ಬನಿಗೆ ಲಕ್ವ ಹೊಡೆದಿತ್ತು. ಒಬ್ಬ ಸತ್ತೇ ಹೋಗಿದ್ದ, ಅವನ ಹೆಂಡತಿ ಮಲಿಕಾಬಿ ಗಂಡನ ಬುಕ್ಕು ತೆಗೆದುಕೊಂಡು ಬಂದಳು. ನನ್ನ ಟೇಬಲ್ಲಿನ ಮೇಲೆ ಏಳೂ ಬುಕ್ಕುಗಳನ್ನು ತೆರೆದಿಟ್ಟೆವು. ಏಳರಲ್ಲೂ ಅದೇ ಜಾಗದಲ್ಲಿ ಅದೇ ಗೀಟು, ಅದೇ ಕೈಬರಹ.

“ನಮ್ಮದ ಏನೋ ತಪ್ಪು ಆಗಿರಬೇಕು ಅನ್ಕೊಂಡಿದ್ವಿ,” ಎಂದಳು ಮಲಿಕಾಬಿ. ಉಳಿದವರೂ ಹಾಗೇ ಅಂದುಕೊಂಡಿದ್ದರು. ಇಷ್ಟು ವರ್ಷ ಒಬ್ಬೊಬ್ಬರೇ ತಮ್ಮ ತಮ್ಮ ಮನೆಯಲ್ಲಿ ಕುಳಿತು ಹಾಗೇ ಅಂದುಕೊಂಡಿದ್ದರು.

ಹನ್ನೆರಡನೇ ಅರ್ಜಿಯನ್ನು ಏಳು ಮಂದಿಯ ಹೆಸರಿನಲ್ಲಿ ಒಂದೇ ಆಗಿ ಟೈಪ್ ಮಾಡಿದೆ. ಚೀಟಿ ಯಾರ ಕೈಯಲ್ಲಿ ನಿಂತಿತು ಎಂಬುದನ್ನೂ ಬರೆದೆ. ಈ ಸಲ ಪೋಸ್ಟಿಗೆ ಹಾಕಲಿಲ್ಲ. ಸೈನಿಕರ ಕಾಗದಪತ್ರ ನೋಡುವ ಕಚೇರಿಗೆ ಎಲ್ಲರೂ ಬಸ್ಸಿನಲ್ಲಿ ಹೋದೆವು. ಲಕ್ವ ಹೊಡೆದವನನ್ನು ಕಾಕಾ ಹೊತ್ತುಕೊಂಡೇ ಮೆಟ್ಟಿಲು ಹತ್ತಿಸಿದ.

ಹನ್ನೊಂದು ಗಂಟೆಗೆ ಅರ್ಜಿ ಒಳಗೆ ಕೊಟ್ಟು ಹೊರಗೆ ಕೂತೆವು. ಊಟದ ಹೊತ್ತು ಹೋಯಿತು, ಚಹಾದ ಹೊತ್ತು ಹೋಯಿತು. ಮಲಿಕಾಬಿ ಗೋಡೆಗೆ ತಲೆ ಆನಿಸಿ ಕಣ್ಣು ಮುಚ್ಚಿದಳು. ನನಗೂ ಸಾಕಾಗಿತ್ತು. ಐದಕ್ಕೆ ಆ ಕಚೇರಿಯ ಗುಮಾಸ್ತ ಕೀಲಿಕೈ ಹಿಡಿದುಕೊಂಡು ಹೊರಗೆ ಬಂದು ಅರ್ಜಿಯನ್ನು ಕಾಕಾನ ಕೈಗೆ ವಾಪಸು ಕೊಟ್ಟ.

“ಎಲ್ಲಾರದೂ ಕೂಡಿ ಒಂದ ಅರ್ಜಿ ತಗೊಳ್ಳಾಕ ಬರೂದಿಲ್ಲ. ಒಬ್ಬೊಬ್ಬರ ಬ್ಯಾರೆ ಬ್ಯಾರೆ ಬರ್ರಿ. ಸೋಮವಾರ ನೋಡೂಣು.”

“ಹಿಮದ ಮ್ಯಾಲ ಭಾರ ಹೊರಸೂ ಮುಂದ ನಮ್ಮನ್ನೆಲ್ಲಾ ಒಂದ ಹಗ್ಗಕ್ಕ ಕಟ್ಟಿದ್ರಿ,” ಎಂದ ಕಾಕಾ. “ಒಬ್ಬ ಬಿದ್ರ ಉಳದವರು ಹಿಡೀಲಿ ಅಂತ. ಅವತ್ತು ಒಬ್ಬೊಬ್ಬರ ಬರ್ರಿ ಅನ್ನಲಿಲ್ಲಲ್ಲರಿ.”

ಗುಮಾಸ್ತ ಗಡಿಯಾರ ನೋಡಿದ. ಕಾಕಾ ಒಳಗೆ ಹೋಗಿ ಅರ್ಜಿಯನ್ನು ಮತ್ತೆ ಅವನ ಟೇಬಲ್ಲಿನ ಮೇಲಿಟ್ಟು ಬಂದು ತನ್ನ ಜಾಗದಲ್ಲಿ ಕೂತ. ಯಾರೂ ಏಳಲಿಲ್ಲ. ಕೀಲಿಕೈ ಹಿಡಿದವನು ಬಾಗಿಲಲ್ಲೇ ನಿಂತಿದ್ದ.