ಮೇಯರ್ ಪಾತ್ರದಲ್ಲಿ ಲೆಸ್ಕ್ಯೂರ್

ಫಿರ್ಮ್ಯಾಂ ಲೆಸ್ಕ್ಯೂರ್ ನೂರಾ ಹದಿನೇಳು ಸಿನಿಮಾಗಳಲ್ಲಿ ನಟಿಸಿದ್ದ. ಈ ಸಂಖ್ಯೆ ಅವನೇ ಹೇಳಿದ್ದು, ನಾನು ಎಣಿಸಲು ಹೋಗಿಲ್ಲ. ಹದಿನಾಲ್ಕು ಸಲ ಪೊಲೀಸ್ ಇನ್‌ಸ್ಪೆಕ್ಟರ್, ಒಂಬತ್ತು ಸಲ ಪಾದ್ರಿ, ಆಮೇಲೆ ಕಟುಕ, ಜರ್ಮನ್ ಕರ್ನಲ್, ಹೆರಿಗೆ ಡಾಕ್ಟರ್, ದಿವಾಳಿಯೆದ್ದ ಸರ್ಕಸ್ ಮಾಲೀಕ, ಎರಡು ಸಲ ಹೆಣ. ಯಾವ ಸಿನಿಮಾದಲ್ಲೂ ಅವನು ಹತ್ತು ನಿಮಿಷಕ್ಕಿಂತ ಹೆಚ್ಚು ಹೊತ್ತು ಬದುಕಿದ್ದಿಲ್ಲ. ಹೆಸರು ಯಾರಿಗೂ ನೆನಪಿರುತ್ತಿರಲಿಲ್ಲ, ಮುಖ ಮಾತ್ರ ದೇಶಕ್ಕೆಲ್ಲ ಗೊತ್ತಿತ್ತು.

ಅರವತ್ತೈದಾಗುವ ಹೊತ್ತಿಗೆ ಪ್ಯಾರಿಸ್ಸಿನಿಂದ ಫೋನ್ ಬರುವುದು ಕಮ್ಮಿಯಾಯಿತು. ಬೇಸಿಗೆಗೆಂದು ಕೊಂಡಿದ್ದ ನಮ್ಮೂರಿನ ಹೊಳೆದಂಡೆಯ ಮನೆಗೆ ಬಂದು ಖಾಯಂ ಆಗಿ ನೆಲೆಯೂರಿದ. ನಮ್ಮ ಸೋಲ್ವಿಯಾಕ್‌ನಲ್ಲಿರುವುದು ಮುನ್ನೂರ ತೊಂಬತ್ತು ಜನ. ಅವರಲ್ಲಿ ಒಬ್ಬೊಬ್ಬರೂ ಅವನನ್ನು ಒಂದೊಂದು ಸಿನಿಮಾದಿಂದ ಗುರುತಿಸಿದರು. ಬೇಕರಿಯ ಝೆರ್ಮೇನ್ ಮೊದಲ ಮೂರು ತಿಂಗಳು ಅವನಿಗೆ ಬ್ರೆಡ್ಡನ್ನು ಕೈಗೆ ಕೊಡದೆ ಮೇಜಿನ ಮೇಲಿಟ್ಟು ಹಿಂದೆ ಸರಿಯುತ್ತಿದ್ದಳು. "ಆ ನರ್ಸ್ ಹುಡುಗಿ ಕತ್ತು ಹಿಸುಕಿದ್ದು ಇವನೇ ಕಣೇ ಒಡೀಲ್," ಎಂದು ನನ್ನ ಕಿವಿಯಲ್ಲಿ ಹೇಳಿದಳು. ದನ ಸಾಕುವ ಮಾರ್ಸೆಲಾಂ ಕೈಕುಲುಕಲೇ ಒಪ್ಪಲಿಲ್ಲ. "ನಿಮ್ಮನ್ನ ಆ ಯೂನಿಫಾರ್ಮ್‌ನಲ್ಲಿ ನೋಡಿದೀನಿ," ಎಂದ. ಮಾರ್ಸೆಲಾಂನ ತಂದೆಯನ್ನು ಯುದ್ಧಕಾಲದಲ್ಲಿ, ನಲವತ್ನಾಲ್ಕರಲ್ಲಿ, ಜರ್ಮನ್ನರು ಕೊಂದಿದ್ದರು. ಲೆಸ್ಕ್ಯೂರ್‌ಗೆ ಇದರಿಂದ ಬೇಜಾರಾಗಲಿಲ್ಲ. ಬದಲಿಗೆ, ಬಹುಮಾನ ಬಂದವನ ಹಾಗೆ ಬೀಗಿದ.

ನಾನು ಊರ ಕಚೇರಿಯ ಕಾರ್ಯದರ್ಶಿ. ಇಪ್ಪತ್ತಾರು ವರ್ಷಗಳಲ್ಲಿ ಮೂವರು ಮೇಯರುಗಳನ್ನು ಸಂಭಾಳಿಸಿದ್ದೇನೆ. ಮೂರನೆಯವರು ಮಂಡಿನೋವೆಂದು ಹಿಂದೆ ಸರಿದಾಗ ಆ ಕುರ್ಚಿ ಯಾರಿಗೂ ಬೇಕಿರಲಿಲ್ಲ. ಆಗ ಲೆಸ್ಕ್ಯೂರ್ ನನ್ನ ಕಚೇರಿಗೆ ಬಂದ.

"ನಾನು ನಿಲ್ತೀನಿ, ಒಡೀಲ್. ಮೇಯರ್ ಪಾತ್ರ ಮೂರು ಸಲ ಮಾಡಿದೀನಿ, ನನಗದು ಹೊಸದಲ್ಲ."

"ಹೆಣದ ಪಾತ್ರಾನೂ ಮಾಡಿದೀರಲ್ಲ ಸಾಹೇಬ್ರೆ, ಸ್ಮಶಾನದಲ್ಲೂ ಒಂದು ಜಾಗ ಬರೆದಿಡಲಾ?" ಎಂದೆ.

ಅವನು ಮನಸಾರೆ ನಕ್ಕ. ನನ್ನನ್ನು ನೋಡುತ್ತಲೇ ನಕ್ಕ. ಆ ನೋಟ ನನಗೆ ಆಗ ಅರ್ಥವಾಗಲಿಲ್ಲ.

ಚುನಾವಣೆಗೆ ಮನೆಮನೆ ತಿರುಗಿದ. ಮಾರ್ಸೆಲಾಂನ ಕೊಟ್ಟಿಗೆಗೆ ಹೋದಾಗ ಹಳೆಯ ಬೂಟು ಹಾಕಿಕೊಂಡು, ಹಸುವಿನ ಬೆನ್ನ ಮೇಲೆ ಕೈಯಿಟ್ಟು, ಹತ್ತು ನಿಮಿಷ ಮಾತೇ ಆಡದೆ ನಿಂತ. ರೈತನ ಮೌನ ಹೇಗಿರುತ್ತದೆಂದು ಅವನಿಗೆ ಗೊತ್ತಿತ್ತು. ಹೊರಡುವಾಗ ಮಾರ್ಸೆಲಾಂ ತಾನಾಗಿಯೇ ಕೈ ಚಾಚಿದ. ಚರ್ಚಿಗೆ ಹೂವಿಡುವ ಮುದುಕಿಯರ ಬಳಿ ಮೆತ್ತಗೆ, ಮೂಗಿನಲ್ಲಿ, ಪಾದ್ರಿಯ ಹಾಗೆ ಮಾತಾಡಿದ. ಝೆರ್ಮೇನಳ ಸೊಂಟನೋವಿಗೆ ಡಾಕ್ಟರನ ಗತ್ತಿನಲ್ಲಿ ಸಲಹೆ ಕೊಟ್ಟ. ಅವಳು ಅದನ್ನು ಪಾಲಿಸಿ ಎರಡು ದಿನ ಹಾಸಿಗೆ ಹಿಡಿದಳು, ಆದರೂ ಮತ ಅವನಿಗೇ ಹಾಕಿದಳು.

ಊರಿಗೆ ಆಗ ಇದ್ದದ್ದು ಒಂದೇ ಚಿಂತೆ, ಶಾಲೆ. ಹನ್ನೊಂದು ಮಕ್ಕಳು, ಕ್ಲೋಟಿಲ್ಡ್ ಎಂಬ ಒಬ್ಬಳೇ ಟೀಚರು. ಅದನ್ನು ಮುಚ್ಚುತ್ತಾರೆಂಬ ಸುದ್ದಿ ಹಬ್ಬಿತ್ತು. ಸಮುದಾಯ ಭವನದ ಸಭೆಯಲ್ಲಿ ಲೆಸ್ಕ್ಯೂರ್ ಎದ್ದು ನಿಂತು ಟೋಪಿ ತೆಗೆದ. "ನನ್ನ ಜನಗಳೇ," ಎಂದು ಶುರು ಮಾಡಿದ. "ಮೇಲಿನವರು ಒಂದು ಕಾಗದದ ಮೇಲೆ ಗೀಟು ಎಳೀತಾರೆ. ಆ ಗೀಟಿನ ಕೆಳಗೆ ನಾವು ಉಸಿರಾಡ್ತಾ ಇದೀವಿ ಅನ್ನೋದು ಅವರಿಗೆ ಕಾಣಲ್ಲ." ಹಿಂದಿನ ಸಾಲಿನವರು ಎದ್ದು ನಿಂತು ಕೇಳಿದರು. ನನಗೆ ಮಾತ್ರ ಈ ಮಾತನ್ನು ಎಲ್ಲೋ ಕೇಳಿದ್ದೇನೆ ಅನ್ನಿಸಿತು. ತೀರಿಹೋದ ನನ್ನ ಗಂಡನ ಜೊತೆ ಟೀವಿಯಲ್ಲಿ ನೋಡಿದ, ಇವನೇ ಮೇಯರ್ ಆಗಿದ್ದ ಸಿನಿಮಾ ಅದು. ಅದರಲ್ಲಿ ಮುಚ್ಚುತ್ತಿದ್ದದ್ದು ರೈಲು ನಿಲ್ದಾಣ. ಈ ಮನುಷ್ಯ ನಿಲ್ದಾಣ ಬಂದಲ್ಲೆಲ್ಲ ಶಾಲೆ ಎನ್ನುತ್ತ ಇಡೀ ಭಾಷಣ ಒಪ್ಪಿಸುತ್ತಿದ್ದ. ಒಂದು ಕಡೆ ಮರೆತೇಬಿಟ್ಟ. "ನಮ್ಮ ತಾತಂದಿರು ಇದೇ ಪ್ಲಾಟ್‌ಫಾರ್ಮಿನಲ್ಲಿ ಕಣ್ಣೀರಿಟ್ಟಿದ್ದಾರೆ," ಎಂದ. ನಮ್ಮ ಶಾಲೆಗೆ ಪ್ಲಾಟ್‌ಫಾರ್ಮು ಎಲ್ಲಿಂದ ಬರಬೇಕು? ಒಬ್ಬರೂ ಗಮನಿಸಲಿಲ್ಲ. ಮಾರ್ಸೆಲಾಂ ಕರವಸ್ತ್ರಕ್ಕಾಗಿ ಜೇಬು ತಡಕುತ್ತಿದ್ದ. ಮುನ್ನೂರ ತೊಂಬತ್ತು ಜನರ ಬುದ್ಧಿ ಇಷ್ಟೇ. ನಾನೂ ಬಾಯಿ ಬಿಡಲಿಲ್ಲ, ಹಾಗಾಗಿ ನನ್ನನ್ನೂ ಸೇರಿಸಿಕೊಳ್ಳಿ.

ಭಾರಿ ಮತಗಳಿಂದ ಗೆದ್ದ. ಊರ ಸಭೆ ಅವನನ್ನೇ ಮೇಯರ್ ಮಾಡಿತು. ಮೇಯರುಗಳು ಧರಿಸುವ ಮೂರು ಬಣ್ಣದ ಪಟ್ಟಿ ಎದೆಗೆ ಅಡ್ಡ ಕಟ್ಟಿಕೊಂಡಾಗ ಅವನಷ್ಟು ಚೆನ್ನಾಗಿ ಕಂಡ ಮೇಯರನ್ನು ನಾನು ನೋಡಿಲ್ಲ. ದೂರು ಹೇಳಲು ಬಂದವರನ್ನು ಕೂರಿಸಿ, ಕಣ್ಣು ಒದ್ದೆ ಮಾಡಿಕೊಂಡು ಕೇಳುತ್ತಿದ್ದ. ಅವರು ಸಮಾಧಾನದಿಂದ ಹೋಗುತ್ತಿದ್ದರು. ಕೆಲಸ ಮಾತ್ರ ಆಗುತ್ತಿರಲಿಲ್ಲ. ಒಂದು ದಿನ ಕೇಳಿದೆ, "ವಿಧವೆ ಬೂಸ್ಕೆ ಅವರ ಚರಂಡಿ ವಿಷಯ ಏನ್ಮಾಡಿದ್ರಿ?"

"ಯಾವ ಚರಂಡಿ?" ಎಂದ. "ಆಯಮ್ಮ ಮಾತಾಡ್ತಾ ಚೀಲದ ಬಕಲ್ ತೆಗೆದು ಹಾಕಿ ತೆಗೆದು ಹಾಕಿ ಮಾಡ್ತಿತ್ತು, ಅದು ನೋಡಿದ್ಯಾ ನೀನು?"

ಜನವರಿಯಲ್ಲಿ ಜಿಲ್ಲಾ ಕೇಂದ್ರದಿಂದ ಶಿಕ್ಷಣ ಇಲಾಖೆಯ ಅಧಿಕಾರಿ ದೆಲ್ಪಿರೂ ಬಂದ. ಸಣಕಲು ಆಳು. ಕೂರುವ ಮೊದಲು ಎರಡು ಬೆರಳಿನಲ್ಲಿ ಪ್ಯಾಂಟಿನ ಇಸ್ತ್ರಿ ಗೆರೆಯನ್ನು ಮೇಲಕ್ಕೆಳೆದುಕೊಂಡ. ಪೆನ್ನಿನ ತಲೆಯನ್ನು ಟಕಟಕ ಒತ್ತುತ್ತ, ಪ್ರತಿ ಮಾತಿನ ಕೊನೆಗೂ "ಅಲ್ವೇ" ಎನ್ನುತ್ತಿದ್ದ. ನಾನೂ ಕ್ಲೋಟಿಲ್ಡಳೂ ಮೂರು ವಾರ ಕೂತು ಕಡತ ಸಿದ್ಧಪಡಿಸಿದ್ದೆವು: ಹನ್ನೊಂದು ಮಕ್ಕಳು, ಊರಲ್ಲಿ ಮೂವರು ಬಸುರಿಯರು, ಜೂನ್‌ನಲ್ಲಿ ಬರಲಿರುವ ಎರಡು ಸಂಸಾರ. ಅದನ್ನು ಲೆಸ್ಕ್ಯೂರ್ ಮುಂದೆಯೇ ಇಟ್ಟಿದ್ದೆ.

ಅವನು ಕಡತ ತೆರೆಯಲೇ ಇಲ್ಲ. ದೆಲ್ಪಿರೂನನ್ನೇ ನೋಡುತ್ತಿದ್ದ. ಹತ್ತು ನಿಮಿಷ ಕಳೆಯುವಷ್ಟರಲ್ಲಿ ಲೆಸ್ಕ್ಯೂರ್‌ನ ಬೆನ್ನು ಕುರ್ಚಿಯಲ್ಲಿ ನೆಟ್ಟಗಾಯಿತು, ತುಟಿ ತೆಳ್ಳಗಾಯಿತು, ಕೈಗೊಂದು ಪೆನ್ನು ಬಂತು.

"ಹನ್ನೊಂದು ಮಕ್ಕಳಿಗೆ ಒಂದು ಕಟ್ಟಡ, ಒಬ್ಬ ಟೀಚರು. ಕಷ್ಟ, ಅಲ್ವೇ?" ಎಂದ ದೆಲ್ಪಿರೂ.

"ಕಷ್ಟ," ಎಂದ ನಮ್ಮ ಮೇಯರ್. ಪೆನ್ನು ಟಕ್ಕೆಂದಿತು. "ಭಾವನೆ ಬೇರೆ, ಅಂಕಿ ಬೇರೆ. ಅಂಕಿಗೆ ತಲೆ ಬಾಗಲೇಬೇಕು, ಅಲ್ವೇ?"

ಕ್ಲೋಟಿಲ್ಡ್ ಮೇಜಿನ ಕೆಳಗೆ ನನ್ನ ತೊಡೆ ಹಿಂಡಿದಳು. ಆ ಮಕ್ಕಳು ಯಾರು, ಬರುವ ಸಂಸಾರಗಳು ಎಲ್ಲಿಯವು ಎಂದೆಲ್ಲ ನಾನೇ ನಡುವೆ ಬಾಯಿ ಹಾಕಿ ಹೇಳಿದೆ. ಇಬ್ಬರೂ ಒಟ್ಟಿಗೆ ನನ್ನ ಕಡೆ ತಿರುಗಿ, ಒಂದೇ ರೀತಿ ಹುಬ್ಬೇರಿಸಿದರು. ಶಾಲೆ ಮುಚ್ಚುವ ಒಪ್ಪಿಗೆಪತ್ರಕ್ಕೆ ಲೆಸ್ಕ್ಯೂರ್ ಆವತ್ತೇ ಸಹಿ ಹಾಕಿದ.

ಕಾರಿನವರೆಗೂ ಬಿಟ್ಟುಬರಲು ಹೋದ ನನಗೆ ದೆಲ್ಪಿರೂ ಹೇಳಿದ, "ಎರಡು ವರ್ಷ ಮುಂದೂಡೋಣ ಅಂತಾನೇ ಬಂದಿದ್ದೆ ಮದಾಂ. ನಿಮ್ಮ ಮೇಯರ್ರು ಸ್ವಲ್ಪ ಜಗಳ ಆಡಿದ್ರೂ ಸಾಕಿತ್ತು. ಇಂಥ ಊರು ನಾನು ನೋಡಿಲ್ಲ."

ಒಳಗೆ ಬಂದಾಗ ಲೆಸ್ಕ್ಯೂರ್ ಕಿಟಕಿಯ ಬಳಿ ಒಬ್ಬನೇ ಕೂರುತ್ತ ಏಳುತ್ತ ಇದ್ದ.

"ಏನು ಮಾಡಿದ್ರಿ ಅಂತ ನಿಮಗೆ ಗೊತ್ತಾ?" ಎಂದೆ.

"ಪ್ಯಾಂಟ್ ಎಳ್ಕೊಳ್ಳೋದು ನೋಡು ಒಡೀಲ್, ಎರಡೇ ಬೆರಳು. ಹೆಬ್ಬೆರಳು ಮುಟ್ಟಲ್ಲ. ಚಿಕ್ಕಂದಿನಲ್ಲಿ ಇದ್ದ ಒಂದೇ ಪ್ಯಾಂಟು ಜೋಪಾನ ಮಾಡಿರ್ತಾನೆ, ಪಾಪ."

ಆ ಬೇಸಿಗೆಯಲ್ಲಿ ಶಾಲೆ ಮುಚ್ಚಿತು. ಮಕ್ಕಳು ಹದಿನಾಲ್ಕು ಕಿಲೋಮೀಟರ್ ಬಸ್ಸಿನಲ್ಲಿ ಬೋರ್ನಾಕ್‌ಗೆ ಹೋಗತೊಡಗಿದರು. ಕ್ಲೋಟಿಲ್ಡಳಿಗೂ ಅಲ್ಲಿಗೇ ವರ್ಗವಾಯಿತು. ಬರಬೇಕಿದ್ದ ಎರಡು ಸಂಸಾರಗಳು ಬರಲಿಲ್ಲ. ಮಾರ್ಸೆಲಾಂ ಒಂದು ಟ್ರೇಲರ್ ಸಗಣಿ ತಂದು ಮೇಯರ್ ಮನೆ ಬಾಗಿಲಿಗೆ ಸುರಿಯುತ್ತೇನೆಂದು ಕೆಫೆಯಲ್ಲಿ ದಿನವೂ ಹೇಳುತ್ತಿದ್ದ.

ಮರುವರ್ಷ ಲೆಸ್ಕ್ಯೂರ್ ಒಂದು ಸಿನಿಮಾದ ಚಿತ್ರೀಕರಣಕ್ಕೆಂದು ಆರು ವಾರ ಪ್ಯಾರಿಸ್ಸಿಗೆ ಹೋದ. ಆ ಸಿನಿಮಾ ಬಂದಾಗ ನಾವು ಹನ್ನೊಂದು ಜನ ಮೂರು ಕಾರಿನಲ್ಲಿ ಜಿಲ್ಲಾ ಕೇಂದ್ರಕ್ಕೆ ಹೋಗಿ ನೋಡಿದೆವು. ನಾಯಕ ಯಾರೋ ಚೆಲುವ ಹುಡುಗ, ಮಾತು ಜಾಸ್ತಿ, ವಿಷಯ ಕಮ್ಮಿ. ಲೆಸ್ಕ್ಯೂರ್ ಒಂಬತ್ತು ನಿಮಿಷ ಬಂದ, ಊರೂರು ತಿರುಗಿ ಶಾಲೆ ಮುಚ್ಚಿಸುವ ಅಧಿಕಾರಿಯಾಗಿ. ಸುಳ್ಳೇಕೆ ಹೇಳಲಿ, ಅವನು ಬಂದಾಗ ಚಿತ್ರಮಂದಿರದಲ್ಲಿ ಕೆಮ್ಮು ನಿಂತಿತು. ಎರಡು ಬೆರಳಿನಲ್ಲಿ ಪ್ಯಾಂಟು ಎಳೆದುಕೊಂಡು ಅವನು ಕೂತದ್ದೇ ತಡ, ತಾನು ಕಲಿತಂಥದೇ ಶಾಲೆಯನ್ನು ತಾನೇ ಮುಚ್ಚಲು ಬಂದವನ ಸಂಕಟ ನನಗೂ ಕಂಡಿತು. ಅವನೆದುರು ಕೂತ ಒಬ್ಬ ಕಚೇರಿ ಹೆಂಗಸು ಹರಿತವಾಗಿ ಕುಟುಕುತ್ತಿದ್ದಳು. ಅದು ನೀನೇ ಕಣೇ ಎಂಬಂತೆ ಝೆರ್ಮೇನ್ ನನ್ನ ಪಕ್ಕೆ ತಿವಿದಳು.

ಹೊರಗೆ ಬಂದ ಮೇಲೆ ಕ್ಲೋಟಿಲ್ಡ್ ಕಣ್ಣೊರೆಸಿಕೊಂಡಳು. "ಆ ದೆಲ್ಪಿರೂನೂ ಒಬ್ಬ ಮನುಷ್ಯ ಅಂತ ನನಗೆ ಆವತ್ತು ಹೊಳೆದೇ ಇರ್ಲಿಲ್ಲ."

"ಒಳ್ಳೇದಾಯ್ತು ಬಿಡಮ್ಮ," ಎಂದೆ. "ಅದು ಹೊಳೀಲಿ ಅಂತ ನಿನ್ನ ಶಾಲೆ ಹೋಯ್ತು."

ಚಳಿಗಾಲದಲ್ಲಿ ಪೋಷಕ ನಟನೆಗೆ ಅವನಿಗೆ ಪ್ರಶಸ್ತಿ ಬಂತು. ಬದುಕಿನಲ್ಲಿ ಮೊದಲನೆಯದು. ಊರ ಸಭೆ ವೈನ್ ಕೂಟ ಇಟ್ಟಿತು. ಝೆರ್ಮೇನ್ ಮೂರು ವಾಲ್‌ನಟ್ ಕೇಕ್ ಮಾಡಿದಳು. ಒಬ್ಬರೂ ಬರುವುದಿಲ್ಲವೆಂದು ಪಣ ಕಟ್ಟಿದ್ದ ನಾನು ಸೋತೆ. ಇಡೀ ಊರೇ ಬಂತು. ಮಾರ್ಸೆಲಾಂ ಇಸ್ತ್ರಿ ಅಂಗಿ ಹಾಕಿಕೊಂಡು, ಪ್ರಶಸ್ತಿಯನ್ನು ತನ್ನ ಕೈಯಲ್ಲೇ ಹಿಡಿದು ಫೋಟೊ ತೆಗೆಸಿಕೊಂಡ. "ಸಗಣಿ ಎಲ್ಲಿ?" ಎಂದು ಕೇಳಿದರೆ, "ಇವತ್ತು ಬೇಡ ಒಡೀಲ್, ಪೇಪರಿನವ್ರು ಬಂದವ್ರೆ," ಎಂದ. ಬಸ್ಸಿನಲ್ಲಿ ಹೋಗುವ ಮಕ್ಕಳು ಸಾಲಾಗಿ ನಿಂತು ಅವನಿಗೆ ಹೂಗುಚ್ಛ ಕೊಟ್ಟರು.

ಪ್ರಶಸ್ತಿಯ ನಂತರ ಫೋನು ಮತ್ತೆ ಬಡಿದುಕೊಳ್ಳತೊಡಗಿತು. ಸೆಪ್ಟೆಂಬರಿನಲ್ಲಿ ರಾಜೀನಾಮೆ ಕೊಡಲು ಬಂದ. ಪತ್ರ ನಾನೇ ಬರೆದಿಟ್ಟಿದ್ದೆ, ಅವನು ನಿಂತೇ ಓದಿದ.

"ನಾನು ಕೆಟ್ಟ ಮೇಯರ್ ಆಗಿದ್ನಾ?" ಎಂದು ಕೇಳಿದ. ದನಿ ಸಣ್ಣಗಿತ್ತು. ಯಾವ ಸಿನಿಮಾದ್ದೆಂದು ಗುರುತಿಸಲು ನೋಡಿದೆ, ಆಗಲಿಲ್ಲ.

"ಕೆಟ್ಟ ಮೇಯರ್ ಆಗೋಕೂ ಮೊದಲು ಮೇಯರ್ ಆಗ್ಬೇಕಲ್ಲ ಸಾಹೇಬ್ರೆ," ಎಂದೆ. "ಇಲ್ಲಿ ಸಹಿ ಮಾಡಿ, ಕೆಳಗೆ ತಾರೀಖು ಹಾಕಿ."

ಸಹಿ ಮಾಡಿದ. ಒಂದು ಗಳಿಗೆ ನನ್ನ ಮುಖವನ್ನೇ ನೋಡುತ್ತ ನಿಂತ. ಬೈಸಿಕೊಂಡವನ ಮುಖವಾಗಿರಲಿಲ್ಲ ಅದು, ದೆಲ್ಪಿರೂನನ್ನು ನೋಡುತ್ತಿದ್ದಾಗಿನ ಮುಖ. ನಾನು ಎದ್ದು ಹೋಗಿ ಬಾಗಿಲು ತೆರೆದು ಹಿಡಿದೆ.