ಮಂಚದ ಕೆಳಗಿನ ಬಿಳಿ ಬೇಸಿನ್ನು

ನಾನು ಒಂದು ಪಿಂಗಾಣಿ ಬೇಸಿನ್ನು. ಹೆಸರಿಗೆ ಪಿಂಗಾಣಿ, ಒಳಗಿರುವುದು ತಗಡು. ಕಾರ್ಖಾನೆಯಲ್ಲಿ ನನ್ನನ್ನು ಒತ್ತಿ ಗುಂಡಗೆ ಮಾಡಿ, ಬಿಳಿ ಗಂಜಿಯಂಥ ಬಣ್ಣದಲ್ಲಿ ಅದ್ದಿ, ಕೆಂಪಗೆ ಉರಿಯುವ ಕುಲುಮೆಯಲ್ಲಿ ಕೂರಿಸಿದರು. ಹೊರಗೆ ಬಂದಾಗ ಹಾಲಿನಷ್ಟು ಬೆಳ್ಳಗಿದ್ದೆ. ಒಬ್ಬ ಹೆಂಗಸು ನನ್ನ ಅಂಚಿಗೆ ನೀಲಿ ಗೆರೆ ಎಳೆದಳು. ಅವತ್ತಿನಿಂದ ನನಗೆ ಮಡಿಯ ಹುಚ್ಚು. ಒಂದು ತೊಟ್ಟು ಕಾಫಿ ಬಿದ್ದರೂ ಮೈಯೆಲ್ಲ ಉರಿಯುತ್ತಿತ್ತು. ಇಂಥ ನನ್ನ ಹಣೆಯಲ್ಲಿ ಏನೇನು ಬರೆದಿತ್ತು ಅಂತ ಹೇಳುವುದಕ್ಕೆ ಈಗಲೂ ಹೇಸಿಗೆಯಾಗುತ್ತದೆ. ಊಟ ಮಾಡುತ್ತಾ ಓದುತ್ತಿದ್ದರೆ ದಯವಿಟ್ಟು ಕೈ ತೊಳೆದುಕೊಂಡು ಬನ್ನಿ.

ಮೊದಲು ನಾನು ಸೇರಿದ್ದು ಕೊಳ್ಳೇಗಾಲದ ಕಡೆಯ ಒಂದು ಸಣ್ಣ ಹೆರಿಗೆ ಆಸ್ಪತ್ರೆಗೆ, ನರ್ಸ್ ರೆಬೆಕ್ಕಮ್ಮನವರ ಕೈಗೆ. ಅವರಿಗೂ ನನ್ನಷ್ಟೇ ಮಡಿ. ಕುದಿಯುವ ನೀರು, ಸೋಪು, ಬಿಸಿಲು, ದಿನಕ್ಕೆ ಮೂರು ಸಲ. ಎಳೆ ಕೂಸುಗಳ ಮೊದಲ ಸ್ನಾನ ನನ್ನೊಳಗೆ ಆಗುತ್ತಿತ್ತು. ರಕ್ತ, ಹೆರಿಗೆಯ ಕಸ ಎಲ್ಲವೂ ಬೀಳುತ್ತಿತ್ತು, ಇಲ್ಲವೆನ್ನುವುದಿಲ್ಲ. ಆದರೆ ರೆಬೆಕ್ಕಮ್ಮ ಏನನ್ನೂ ಮುಖ ತಿರುಗಿಸಿಕೊಂಡು ಚೆಲ್ಲಿದವರಲ್ಲ. ಕಿಟಕಿಯ ಬೆಳಕಿಗೆ ನನ್ನನ್ನು ಓರೆ ಮಾಡಿ ಒಳಗೆ ನೋಡುವರು, ಆಮೇಲೆ ಚೆಲ್ಲುವರು.

"ಚೆಲ್ಲೋಕೆ ಮುಂಚೆ ನೋಡ್ಬೇಕು ಚಿಕ್ತಾಯಿ," ಎಂದು ಅಲ್ಲಿ ಆಯಾ ಆಗಿದ್ದ ಹುಡುಗಿಗೆ ಹೇಳುತ್ತಿದ್ದರು. "ಜನ ನಾಚ್ಕೊಂಡು ಏನಾದ್ರೂ ಹೇಳ್ತಾರೆ. ಇದ್ರಲ್ಲಿ ಬಿದ್ದಿರೋದು ಹಂಗೆ ಹೇಳಕಿಲ್ಲ."

ಚಿಕ್ಕತಾಯಿ ಮೂಗು ಮುಚ್ಚಿಕೊಂಡೇ ತಲೆಯಾಡಿಸುತ್ತಿದ್ದಳು. ಅವಳ ಮದುವೆಗೆ ಒಂದು ವಾರ ಇರುವಾಗ ರೆಬೆಕ್ಕಮ್ಮನವರಿಗೆ ರಿಟೈರಾಯಿತು. ಅವರು ನನ್ನನ್ನು ತಿಕ್ಕಿ ಹೊಳೆಯಿಸಿ, ಹೊಸ ಟವೆಲಿನಲ್ಲಿ ಸುತ್ತಿ, ಮುಯ್ಯಿ ಎಂದು ಅವಳಿಗೆ ಕೊಟ್ಟರು. ಹೀಗೆ ನಾನು ಸಂಸಾರವಂದಿಗರ ಮನೆ ಸೇರಿದೆ.

ಗಂಡ ಚಲುವರಾಜು ಬ್ಯಾಂಡ್‌ಸೆಟ್ಟಿನಲ್ಲಿ ಕ್ಲಾರಿಯೋನೆಟ್ ಊದುವವನು. ಒಳ್ಳೆಯ ಊದುಗಾರ, ಅದನ್ನು ಹೇಳಲೇಬೇಕು. ಬೆಳಿಗ್ಗೆ ಹಿತ್ತಲಲ್ಲಿ ಕೂತು ಸಾಧನೆ ಮಾಡುತ್ತಿದ್ದರೆ ಅಕ್ಕಪಕ್ಕದ ಹೆಂಗಸರು ರುಬ್ಬುವುದನ್ನು ನಿಲ್ಲಿಸಿ ಕೇಳುತ್ತಿದ್ದರು. ಮಗಳು ರೋಹಿಣಿ ಹುಟ್ಟಿದಾಗ ಅವಳ ಮೊದಲ ಸ್ನಾನವೂ ನನ್ನಲ್ಲೇ ಆಯಿತು. ನನ್ನ ಬದುಕಿನ ಚೆಂದದ ಕಾಲ ಅಂದರೆ ಅದೇ, ಅಲ್ಲಿಗೆ ಮುಗಿಯಿತು.

ಬ್ಯಾಂಡಿನವರಲ್ಲಿ ಒಂದು ಹಾಳು ಪದ್ಧತಿ. ಮೆರವಣಿಗೆ ಮುಗಿದು ಹೆಣ್ಣುಗಂಡು ಛತ್ರದೊಳಗೆ ಹೋದ ಮೇಲೆ, ಮದುವೆ ಮನೆಯವರು ಇವರಿಗೆ ಊಟದ ಜೊತೆ ಬಾಟಲಿ ಕೊಡುತ್ತಾರೆ. ಎಲೆ ಅಡಿಕೆ ಕೊಟ್ಟಷ್ಟೇ ಸಲೀಸು. ಬೇಡ ಅಂದರೆ ಕೊಟ್ಟವರಿಗೆ ಅವಮಾನ, ಬ್ಯಾಂಡಿನ ಮೇಸ್ತ್ರಿಗೆ ಸಿಟ್ಟು. ಚಲುವರಾಜು ಮೊದಮೊದಲು ಮೆರವಣಿಗೆ ಮುಗಿದ ಮೇಲೆ ಕುಡಿದ. ಆಮೇಲೆ ಮೆರವಣಿಗೆಗೆ ಮೊದಲೇ ಕುಡಿದ. ಕೊನೆಗೆ ಮದುವೆಯೇ ಇಲ್ಲದ ಆಷಾಢದಲ್ಲೂ ಹಲ್ಲುಜ್ಜುವ ಮೊದಲು ಕುಡಿಯತೊಡಗಿದ.

ಅವನು ಮೊದಲ ಸಲ ನನ್ನೊಳಗೆ ಕಕ್ಕಿಕೊಂಡ ದಿನವನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ಹುಳಿ ನಾತ, ಅರೆ ಜಗಿದ ಕಡಲೆಕಾಯಿ, ಅದರ ಮೇಲೆ ತೇಲುವ ಬೀಡಿ ತುಂಡು. ಥೂ. ಅವತ್ತು ಕೂಸಿನ ಬಟ್ಟೆ ನೆನೆಸಲು ನನ್ನನ್ನು ಹೊರಗಿಟ್ಟಿದ್ದರು. ಆ ಬಟ್ಟೆಯ ಮೇಲೇ ಕಕ್ಕಿದ. ಚಿಕ್ಕತಾಯಿ ಬಟ್ಟೆಯನ್ನು ಮೂರು ನೀರಿನಲ್ಲಿ ಜಾಲಿಸಿದಳು. ಅಂದಿನಿಂದ ನಾನು ಮಂಚದ ಕೆಳಗೆ, ಅವನ ತಲೆ ಇರುವ ಕಡೆ. ಉಗುಳಿದರೆ ನನಗೆ, ಕಫ ಬಂದರೆ ನನಗೆ, ಎದ್ದು ಹೋಗಲಾರದೆ ಉಚ್ಚೆ ಹೊಯ್ದರೂ ನನಗೇ. ಹೊರಗೆ ಹೊರಟಾಗ ಮಾತ್ರ ಇಸ್ತ್ರಿ ಮಾಡಿದ ಕೆಂಪು ಕೋಟು, ಹೊಂಬಣ್ಣದ ಗುಂಡಿ. ನಾನು ಕೆಳಗಿನಿಂದ ನೋಡಿ ನೋಡಿ ಹೇಸಿಹೋದೆ.

ಮಗಳು ನಾಲ್ಕನೇ ಕ್ಲಾಸಿಗೆ ಬರುವಷ್ಟರಲ್ಲಿ ನನ್ನೊಳಗೆ ಬೀಳುವ ಉಚ್ಚೆ ಕಡು ಟೀ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಿತ್ತು. ಅವನ ಕಣ್ಣು ಹಳದಿ, ಉಗುರು ಹಳದಿ. ಚಿಕ್ಕತಾಯಿ ನನ್ನನ್ನು ಬಾಗಿಲ ಬೆಳಕಿಗೆ ಓರೆ ಮಾಡಿ ನೋಡಿದಳು. ಎಷ್ಟೋ ವರ್ಷದ ಮೇಲೆ ಯಾರಾದರೂ ನನ್ನೊಳಗೆ ಸರಿಯಾಗಿ ನೋಡಿದ್ದು ಅವತ್ತೇ.

"ಅತ್ತೆ, ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋಗುಮ," ಎಂದಳು.

ಅತ್ತೆ ಕೆಂಪಾಜಮ್ಮ ಒಪ್ಪಲಿಲ್ಲ. "ಕಾಮಾಲೆಗೆ ಡಾಕ್ಟ್ರು ಏನ್ ಕಡ್ದಾರು? ಕಾಮಾಲೆ ಅಯ್ನೋರು ಇಳ್ಸ್ತರೆ, ಸುಮ್ನಿರು."

ಕಾಮಾಲೆ ಅಯ್ನೋರು ಅಂದರೆ ಪಕ್ಕದ ಊರಿನ ಒಬ್ಬ ಮದ್ದಿನವನು. ಮನೆಗೇ ಬಂದ. "ಬಿಳೀ ಪಾತ್ರೆ ಇದ್ರೆ ತನ್ನಿ," ಎಂದ. ನನ್ನನ್ನು ಎಳೆದುಕೊಂಡು ಹೋದರು. ಮನೆಯವರೆಲ್ಲ ಸುತ್ತ ಕೂತರು. ಅವನು ಜಗುಲಿಯ ಮೂಲೆಯಲ್ಲಿ ತಿರುಗಿ ನಿಂತು ಯಾವುದೋ ತೊಗಟೆಯ ರಸವನ್ನು ತನ್ನ ಅಂಗೈಗೆ ತಿಕ್ಕಿಕೊಂಡ. ಬಂದು ಚಲುವರಾಜುವಿನ ತೋಳನ್ನು ಮೇಲಿನಿಂದ ಕೆಳಕ್ಕೆ ನೀವಿದ. ಆಮೇಲೆ ನನ್ನೊಳಗೆ ಸುಣ್ಣದ ತಿಳಿನೀರು ಹುಯ್ದು, ಅದರಲ್ಲಿ ರೋಗಿಯ ಕೈಯನ್ನೂ ತನ್ನ ಕೈಯನ್ನೂ ತೊಳೆದ. ನೀರು ಅರಿಸಿನದಷ್ಟು ಹಳದಿಯಾಯಿತು.

"ನೋಡ್ರಪ್ಪ, ಕಾಮಾಲೆ ಹೆಂಗ್ ಇಳೀತು," ಎಂದ.

ಕೆಂಪಾಜಮ್ಮ ಕೈ ಮುಗಿದಳು. ಚಿಕ್ಕತಾಯಿಯ ಕಣ್ಣಲ್ಲೂ ನೀರು ಬಂತು. ಅಯ್ಯೋ, ಹಳದಿ ಹೊರಟದ್ದು ಆ ಕಳ್ಳನ ಅಂಗೈಯಿಂದ, ಚಲುವರಾಜುವಿನಿಂದಲ್ಲ. ತೊಗಟೆ ರಸಕ್ಕೆ ಸುಣ್ಣ ತಾಗಿದರೆ ಯಾರ ಕೈಯಾದರೂ ಅದೇ ಬಣ್ಣ ಬಿಡುತ್ತದೆ. ವಾಂತಿಗೆ ಹೇಸಿದ್ದೆ, ಉಚ್ಚೆಗೆ ಹೇಸಿದ್ದೆ, ಆದರೆ ಅವತ್ತಿನ ಆ ಹಳದಿ ನೀರಿಗೆ ಹೇಸಿದಷ್ಟು ಯಾವುದಕ್ಕೂ ಹೇಸಲಿಲ್ಲ. ನನ್ನ ಬಿಳುಪನ್ನೇ ಸಾಕ್ಷಿಗೆ ನಿಲ್ಲಿಸಿ ಸುಳ್ಳು ಹೇಳಿಸಿದ. ನನಗೆ ಬಾಯಿದ್ದಿದ್ದರೆ ಅವನ ಮುಖಕ್ಕೇ ಉಗುಳುತ್ತಿದ್ದೆ.

ಇಪ್ಪತ್ತೊಂದು ದಿನ ಪಥ್ಯ ಅಂದ. ಉಪ್ಪಿಲ್ಲ, ಖಾರವಿಲ್ಲ, ಎಣ್ಣೆಯಿಲ್ಲ. ಕುಡಿತ ಬಿಡಬೇಕು ಅಂತ ಅವನೂ ಹೇಳಲಿಲ್ಲ, ಯಾರೂ ಕೇಳಲಿಲ್ಲ. ಚಲುವರಾಜು ಮೆತ್ತನೆ ಅನ್ನ ತಿಂದುಕೊಂಡು, ಬಚ್ಚಲ ಹಿಂದೆ ಬಚ್ಚಿಟ್ಟಿದ್ದನ್ನು ಗುಟುಕರಿಸಿಕೊಂಡು ಕಳೆದ. ಪಥ್ಯ ಬಿಡುವ ದಿನ ಕೋಳಿ ಕುಯ್ದರು. ಬ್ಯಾಂಡಿನ ಮೇಸ್ತ್ರಿ ಬೋರಯ್ಯ ಬಾಟಲಿಯನ್ನೇ ತಂದ. "ಹೊಸ ಜೀವ ಬಂದದೆ, ತಗೊ ಬುಡು," ಎಂದು ತಾನೇ ಬಗ್ಗಿಸಿ ಕೊಟ್ಟ. ಕಾಮಾಲೆ ಇಳಿದದ್ದಕ್ಕೆ ಕುಡಿದು ಹಬ್ಬ ಮಾಡಿದರು. ಸಂಜೆಗೆ ಅಷ್ಟೂ ಕೋಳಿ ನನ್ನೊಳಗಿತ್ತು.

ಎರಡು ತಿಂಗಳಲ್ಲಿ ಅವನ ಹೊಟ್ಟೆ ತುಂಬಿದ ಬಸುರಿಯ ಹಾಗೆ ಊದಿತು, ಕೈಕಾಲು ಕಡ್ಡಿಯಾದವು. ಉಸಿರು ಸಾಲದೆ ಕ್ಲಾರಿಯೋನೆಟ್ಟು ಪೆಟ್ಟಿಗೆ ಸೇರಿತು. ಆಗ ಹೆದರಿದ. ರೋಹಿಣಿಯ ತಲೆ ಮುಟ್ಟಿ, "ಇನ್ನು ಮುಟ್ಟಕಿಲ್ಲ ಕಣವ್ವ," ಎಂದು ಆಣೆ ಮಾಡಿದ. ಮಾಡಿದ್ದು ನಿಜವಾದ ಆಣೆ. ಆ ಎರಡು ದಿನ ನನ್ನೊಳಗೆ ಹೆಂಡದ ನಾತ ಬೀಳಲಿಲ್ಲ, ಆದ್ದರಿಂದ ಹೇಳುತ್ತೇನೆ. ಮೂರನೇ ದಿನ ಬೆಳಿಗ್ಗೆ ಕೈ ಗಡಗಡ ನಡುಗಿತು, ಬೆವರು ಹರಿಯಿತು. ಗೋಡೆ ತುಂಬ ಇರುವೆ ಹರೀತಾ ಇದೆ, ಒರೆಸಿ ಅಂತ ಕೂಗಿದ. ಗೋಡೆಯಲ್ಲಿ ಒಂದು ಇರುವೆಯೂ ಇರಲಿಲ್ಲ.

"ಗಾಳಿ ಸೋಕದೆ," ಎಂದಳು ಕೆಂಪಾಜಮ್ಮ. ನಿಂಬೆಹಣ್ಣು ಇಳಿಸಿದಳು. ನಡುಕ ನಿಲ್ಲಲಿಲ್ಲ. ಹೆತ್ತ ಕರುಳು ತಡೆಯಲಾರದೆ ಬೋರಯ್ಯನ ಹತ್ತಿರ ಒಂದು ಲೋಟ ಇಸಿದುಕೊಂಡು ಬಂದು ಮಗನ ಬಾಯಿಗೆ ಹುಯ್ದಳು. ನಡುಕ ನಿಂತಿತು. "ನೋಡು, ಅದೇ ಮದ್ದು," ಎಂದಳು ಸೊಸೆಗೆ. ಆಣೆ ಅಲ್ಲಿಗೆ ಮುರಿಯಿತು. ಚಲುವರಾಜು ಗೋಡೆ ಕಡೆ ಮುಖ ಮಾಡಿ ಮಲಗಿ ಅಳುತ್ತಿದ್ದುದು ನನಗೆ ಮಾತ್ರ ಕೇಳಿಸಿತು. ಸುಳ್ಳೇಕೆ, ನನಗೆ ಅವನ ಮೇಲೆ ಕನಿಕರ ಬರಲಿಲ್ಲ. ಸಿಂಬಳವನ್ನು ನನ್ನೊಳಗೇ ಸೀದುತ್ತಿದ್ದ.

ವಾರದ ನಂತರ ಒಂದು ಮಧ್ಯಾಹ್ನ ಮಂಚದಿಂದ ಬಗ್ಗಿ ನನ್ನನ್ನು ಎಳೆದುಕೊಂಡ. ಬಂದದ್ದು ಅನ್ನವಲ್ಲ, ಹೆಂಡವಲ್ಲ. ರಕ್ತ. ಮೊದಲು ಕಾಫಿ ಗಸಿಯ ಹಾಗೆ ಕಪ್ಪು, ಆಮೇಲೆ ಕಡುಗೆಂಪು, ಗಡ್ಡೆ ಗಡ್ಡೆಯಾಗಿ. ನೀಲಿ ಗೆರೆಗೆ ಎರಡು ಬೆರಳು ಇರುವವರೆಗೂ ತುಂಬಿದೆ. ಹೆರಿಗೆಯ ರಕ್ತ ಕಂಡವನು ನಾನು, ಇದು ಬೇರೆ. ಕಬ್ಬಿಣದ ನಾತ, ಅದರೊಳಗೆ ಕೊಳೆತದ್ದರ ನಾತ.

ಬೋರಯ್ಯ ಬ್ಯಾಂಡಿನ ಟೆಂಪೋ ತಂದ. ಡ್ರಮ್ಮುಗಳ ನಡುವೆ ಚಲುವರಾಜುವನ್ನು ಮಲಗಿಸಿದರು. ಕೆಂಪಾಜಮ್ಮ ನನ್ನನ್ನು ಮೋರಿಗೆ ಬಗ್ಗಿಸಲು ಎತ್ತಿಕೊಂಡಳು. ಚಿಕ್ಕತಾಯಿ ಓಡಿ ಬಂದು ಅವಳ ಕೈಯಿಂದ ಕಸಿದುಕೊಂಡಳು.

"ಚೆಲ್ಬೇಡಿ ಅತ್ತೆ. ಡಾಕ್ಟ್ರು ನೋಡ್ಲಿ."

"ಥೂ, ಆ ಹೇಸ್ಗೆಯ ಗಾಡೀಲಿ ಹೊತ್ಕೊಂಡ್ ಹೋಗಾರ ಅಮ್ಮಿ?" ಎಂದ ಬೋರಯ್ಯ. "ಜನ ಏನಂದಾರು?"

"ಹೆಂಡ ಹುಯ್ವಾಗ ನೀವು ಹೇಸ್ಲಿಲ್ಲ. ಈಗ್ಯಾಕೆ ಹೇಸ್ತಿರಿ?"

ಬೋರಯ್ಯ ಡ್ರಮ್ಮು ಸರಿಸಿ ಅವಳಿಗೆ ಜಾಗ ಮಾಡಿದ. ಅವಳು ನನ್ನ ಮೇಲೆ ಊಟದ ತಟ್ಟೆ ಮುಚ್ಚಿ, ಸೆರಗು ಹೊದಿಸಿ, ಮಡಿಲಲ್ಲಿಟ್ಟುಕೊಂಡು ಕೂತಳು. ದಾರಿಯುದ್ದಕ್ಕೂ ಗುಂಡಿ. ಪ್ರತಿ ಗುಂಡಿಗೂ ನಾನು ತುಳುಕಿದೆ, ಅವಳ ಸೀರೆ ತೊಯ್ದಿತು. ಅವಳು ಮೂಗು ಮುಚ್ಚಿಕೊಳ್ಳಲಿಲ್ಲ. ಒಂದು ಕೈಯಲ್ಲಿ ನನ್ನ ಅಂಚು, ಇನ್ನೊಂದರಲ್ಲಿ ಅವನ ಪಾದ.

ದೊಡ್ಡಾಸ್ಪತ್ರೆಯಲ್ಲಿ ಡಾಕ್ಟರ್ ನೂರ್‌ಜಹಾನ್ ಇದ್ದರು. ಅವನ ಕಣ್ಣು ನೋಡಿದರು, ಹೊಟ್ಟೆ ತಟ್ಟಿದರು, ಸಿಸ್ಟರ್‌ಗೆ ಡ್ರಿಪ್ ಹಾಕಲು ಹೇಳಿ ಇತ್ತ ತಿರುಗಿದರು. "ಕುಡೀತಾರಾ? ಎಷ್ಟು?"

"ಹಬ್ಬ ಹುಣ್ಣಿಮೆಗೆ ಒಂದ್ಚೂರು ಕಣವ್ವ," ಎಂದಳು ಕೆಂಪಾಜಮ್ಮ. "ಮೆಣಸಿನಕಾಯಿ ಜಾಸ್ತಿ ತಿಂದಿದ್ದ, ಅದಕ್ಕೆ ವಾಂತಿ."

ಚಿಕ್ಕತಾಯಿ ತಟ್ಟೆ ತೆಗೆದಳು. ಬಾಗಿಲಲ್ಲಿದ್ದ ವಾರ್ಡ್‌ಬಾಯ್ ಮುಖ ಮುಚ್ಚಿಕೊಂಡ. ಡಾಕ್ಟರಮ್ಮ ನನ್ನನ್ನು ಎರಡೂ ಕೈಯಲ್ಲಿ ಹಿಡಿದು, ಕಿಟಕಿಯ ಬೆಳಕಿಗೆ ಓರೆ ಮಾಡಿ, ಒಳಗೆ ನೋಡಿದರು. ರೆಬೆಕ್ಕಮ್ಮನವರ ಥರವೇ. ನನ್ನ ಮೈ ಜುಂ ಅಂದಿತು.

"ದಿನಾ ಕುಡೀತಾರೆ ಮೇಡಂ," ಎಂದಳು ಚಿಕ್ಕತಾಯಿ. "ಎಂಟು ವರ್ಷ ಆಯ್ತು. ಬೆಳಿಗ್ಗೆ ಎದ್ದೇಟ್ಗೆ ಶುರು. ಒಂದ್ಸಲ ಬಿಟ್ರು, ಮೂರ್ನೇ ದಿನ ನಡುಕ ಬಂತು, ಇಲ್ದಿರೋ ಇರುವೆ ಕಂಡ್ರು. ಗಾಳಿ ಸೋಕದೆ ಅಂದ್ರು ಅತ್ತೆ. ಕೊನೇದಾಗಿ ಕುಡ್ದಿದ್ದು ಇವತ್ತು ಬೆಳಿಗ್ಗೆ."

"ಇದನ್ನ ನೀವು ಹೇಳದೆ ಇದ್ದಿದ್ರೆ ನಾಡಿದ್ದು ಇದೇ ಮಂಚದ ಮೇಲೆ ಅವ್ರಿಗೆ ಫಿಟ್ಸ್ ಬರ್ತಿತ್ತು, ಯಾಕೆ ಅಂತ ನಾವು ಹುಡುಕ್ತಾ ಇರ್ತಿದ್ವಿ," ಎಂದರು ಡಾಕ್ಟರ್. ಆಮೇಲೆ ಕೆಂಪಾಜಮ್ಮನ ಕಡೆ ನೋಡಿದರು, ಗದರಲಿಲ್ಲ. "ಗಾಳಿ ಅಲ್ಲಜ್ಜಿ ಅದು. ಇಷ್ಟು ವರ್ಷ ಕುಡಿದವ್ರು ಮನೇಲಿ ಇದ್ದಕ್ಕಿದ್ದಂಗೆ ನಿಲ್ಲಿಸ್ಬಾರ್ದು, ಜೀವಕ್ಕೇ ಅಪಾಯ. ನಿಲ್ಲಿಸ್ಲೇಬೇಕು, ಆದ್ರೆ ಇಲ್ಲಿ, ಮಾತ್ರೆ ಕೊಟ್ಕೊಂಡು, ನಮ್ಮ ಕಣ್ಣೆದುರಿಗೆ."

ಲಿವರ್ ಗಟ್ಟಿಯಾಗಿ, ಅನ್ನನಾಳದ ರಕ್ತನಾಳ ಊದಿ ಒಡೆದಿತ್ತಂತೆ. ಗಂಟಲಿನಿಂದ ಕೊಳವೆ ಇಳಿಸಿ ಕಟ್ಟು ಹಾಕಿದರು. ಹೊಟ್ಟೆಯಿಂದ ಬಾಟಲಿಗಟ್ಟಲೆ ನೀರು ತೆಗೆದರು. ಅದರ ಬಣ್ಣವನ್ನೂ ವರ್ಣಿಸಬಲ್ಲೆ, ಬೇಡ ಬಿಡಿ. ನಡುಕ ಬಂತು, ಮಾತ್ರೆಗೆ ಬಗ್ಗಿತು. ಇರುವೆಗಳು ಬರಲಿಲ್ಲ. ಐದನೇ ದಿನ ಮನಸ್ಸಿನ ಡಾಕ್ಟರೊಬ್ಬರು ಬಂದು ಸ್ಟೂಲೆಳೆದು ಕೂತು, ಎಷ್ಟು ಕುಡಿಯುತ್ತಿದ್ದಿರಿ ಅಂತ ಅವನನ್ನೇ ಕೇಳಿದರು. ಚಲುವರಾಜು ತಾಯಿಯ ಮುಖ ನೋಡಿದ, ಹೆಂಡತಿಯ ಮುಖ ನೋಡಿದ, ಬಗ್ಗಿ ನನ್ನ ಕಡೆಯೂ ನೋಡಿದ.

"ಈ ಬೇಸಿನ್ ತುಂಬ್ತದಲ್ಲ ಸಾ, ಅಷ್ಟು," ಎಂದ. ಆ ಬಾಯಿಂದ ಬಂದ ಮೊದಲ ಚೊಕ್ಕ ವಸ್ತು ಅದೇ ಮಾತು.

ಮನೆಗೆ ಹೊರಡುವಾಗ ಡಾಕ್ಟರ್ ನೂರ್‌ಜಹಾನ್ ಮುಚ್ಚುಮರೆಯಿಲ್ಲದೆ ಹೇಳಿದರು. ಕೆಟ್ಟ ಭಾಗ ಕೆಟ್ಟದ್ದೇ, ಉಳಿದದ್ದರಲ್ಲಿ ಬದುಕಬೇಕು. ಮತ್ತೆ ಕುಡಿದರೆ ಮತ್ತೆ ರಕ್ತ ಬರುತ್ತದೆ, ಆಗ ತಮ್ಮ ಕೈಯಲ್ಲಿ ಆಗುವುದಿಲ್ಲ.

ಚಿಕ್ಕತಾಯಿ ನನ್ನನ್ನು ಬೂದಿ ಹಾಕಿ ತಿಕ್ಕಿದಳು, ಕುದಿಯುವ ನೀರು ಹುಯ್ದಳು, ಬಿಸಿಲಿಗಿಟ್ಟಳು. ಆದರೂ ತಳದಲ್ಲಿ ಒಂದು ಕಂದು ಕಲೆ ಉಳಿಯಿತು. ಅಂಚಿನಲ್ಲಿ ಪಿಂಗಾಣಿ ಎದ್ದು ತುಕ್ಕು ಹಿಡಿದಿದೆ. ಗುಜರಿಗೆ ಹಾಕು ಅಂತ ಕೆಂಪಾಜಮ್ಮ ಹೇಳಿದರೂ ಅವಳು ಹಾಕಲಿಲ್ಲ, ಮತ್ತೆ ಮಂಚದ ಕೆಳಗೇ ಇಟ್ಟಳು. ಚಲುವರಾಜು ಬ್ಯಾಂಡ್ ಬಿಟ್ಟ. ಬೋರಯ್ಯ ಎರಡು ಸಲ ಕರೆಯಲು ಬಂದ, ಎರಡು ಸಲವೂ ಚಲುವರಾಜುವೇ ಹೊಸಿಲಲ್ಲಿ ನಿಂತು ಕಳಿಸಿದ. ಈಗ ಹಿತ್ತಲಲ್ಲಿ ಕೂತು ನಾಲ್ಕು ಮಕ್ಕಳಿಗೆ ಊದುವುದನ್ನು ಹೇಳಿಕೊಡುತ್ತಾನೆ. ತಾನು ಅರ್ಧ ಸ್ವರ ಊದಿ ನಿಲ್ಲಿಸುತ್ತಾನೆ, ಉಸಿರು ಅಷ್ಟೇ. ಪಕ್ಕದ ಮನೆಯವರು ಈಗ ರುಬ್ಬುವುದನ್ನು ನಿಲ್ಲಿಸುವುದಿಲ್ಲ.

ದಿನಾ ಬೆಳಿಗ್ಗೆ ಚಿಕ್ಕತಾಯಿ ಕಸಬರಿಕೆ ಹಿಡಿದು ಬಂದು, ಮಂಡಿಯೂರಿ, ನನ್ನನ್ನು ಈಚೆಗೆ ಎಳೆದು, ಬೆಳಕಿಗೆ ಓರೆ ಮಾಡಿ ಒಳಗೆ ನೋಡುತ್ತಿದ್ದಳು. ಖಾಲಿ. ಮತ್ತೆ ಒಳಕ್ಕೆ ತಳ್ಳುತ್ತಿದ್ದಳು. ಹದಿನಾಲ್ಕು ತಿಂಗಳು ಒಂದು ದಿನ ತಪ್ಪಿಸಲಿಲ್ಲ. ಅವಳು ನೋಡುವಾಗ ಚಲುವರಾಜು ಎಚ್ಚರವಾಗಿದ್ದರೂ ಕಣ್ಣು ಮುಚ್ಚಿಕೊಂಡು ಮಲಗಿರುತ್ತಿದ್ದ. ಅವನಿಗೂ ಗೊತ್ತು ಅವಳು ಏನು ಹುಡುಕುತ್ತಾಳೆಂದು.

ಹೋದ ವಾರ ಸೋಮವಾರ ಅವಳು ಮಗಳಿಗೆ ಜಡೆ ಹಾಕಿ, ಏನೋ ಹೇಳಿಕೊಂಡು ನಗುತ್ತಾ ಹಾಗೇ ಗುಡಿಸಿಕೊಂಡು ಹೋಗಿಬಿಟ್ಟಳು. ಮಾರನೆಯ ದಿನವೂ ನೋಡಲಿಲ್ಲ. ಇವತ್ತಿಗೆ ಒಂಬತ್ತು ದಿನ. ನನ್ನೊಳಗೆ ಧೂಳು ಕೂತಿದೆ. ಒಂದು ಜೇಡ ಬಂದು ನೀಲಿ ಗೆರೆಯಿಂದ ಕಂದು ಕಲೆಯವರೆಗೆ ಬಲೆ ಕಟ್ಟಿ, ಸತ್ತ ನೊಣವೊಂದನ್ನು ನೇತುಹಾಕಿದೆ. ಥೂ, ಎಂಥ ಹೇಸಿಗೆ. ಇರಲಿ ಬಿಡಿ, ಯಾರೂ ಒರೆಸುವುದು ಬೇಡ.