ಮೂವತ್ತೊಂದನೆಯ ಬಿಲ್ಲೆ

ಆ ಹೈಸ್ಕೂಲಿನಲ್ಲಿ ಮೂವತ್ತನಾಲ್ಕೂವರೆ ಅಂಕ ಬಂದರೆ ನಪಾಸು. ಬೇರೆ ಶಾಲೆಗಳಲ್ಲಿ ಉಳಿದ ಅರ್ಧ ಅಂಕ ಎಲ್ಲಿಂದಲೋ ಹಾರಿ ಬಂದು ಕೂತು ಮಗು ದಡ ಸೇರುತ್ತದೆ. ಇಲ್ಲಿ ಹಾಗೆ ಹಾರಿ ಬರುವುದಕ್ಕೆ ಗಣಿತದ ಮೇಡಂ ಬಿಡಬೇಕಲ್ಲ. ಮಕ್ಕಳು ಅವರಿಗೆ ದಶಮಾಂಶ ಮೇಡಂ ಎಂದು ಹೆಸರಿಟ್ಟು ಎರಡು ತಲೆಮಾರಾಗಿತ್ತು. ಅದು ಅವರ ಕಿವಿಗೂ ಬಿದ್ದಿತ್ತು, ಒಳಗೊಳಗೇ ಖುಷಿಯೂ ಇತ್ತು.

ಈ ಸಲದ ಅರ್ಧವಾರ್ಷಿಕದಲ್ಲಿ ಆ ಮೂವತ್ತನಾಲ್ಕೂವರೆ ಬಿದ್ದದ್ದು ಅವರದೇ ತಂಗಿಯ ಮಗಳಿಗೆ. ಓದಲೆಂದು ದೊಡ್ಡಮ್ಮನ ಮನೆಗೆ ಬಂದು ಸೇರಿದ ಹುಡುಗಿ. ತಲೆಗೂದಲು ಗಂಡುಹುಡುಗರಂತೆ ಚಿಕ್ಕದಾಗಿ ಕತ್ತರಿಸಿಕೊಂಡು ಸದಾ ಜಿಗಿಯುತ್ತಲೇ ಇರುತ್ತಿದ್ದ ಅವಳನ್ನು ಶಾಲೆಯಲ್ಲಿ ಎಲ್ಲರೂ ಮಿಡತೆ ಎನ್ನುತ್ತಿದ್ದರು. ಗಣಿತದಲ್ಲಿ ನಪಾಸಾದವರು ಶಾಲೆಯ ಓಟದಲ್ಲಿ ಓಡಬಹುದು, ಗೆದ್ದರೂ ಜಿಲ್ಲಾ ಕೂಟಕ್ಕೆ ಹೋಗುವಂತಿಲ್ಲ.

“ಅರ್ಧ ಮಾರ್ಕ್ಸು ದೊಡ್ಡಮ್ಮ! ಕೊಟ್ರೆ ನಿಮ್ಮನೆ ಗಂಟೇನು ಹೋಗತ್ತೆ?”

“ಇವತ್ತು ಅರ್ಧ ಕೊಟ್ರೆ ನಾಳೆ ಒಂದು ಕೊಡ್ಬೇಕಾಗತ್ತೆ. ಕೈ ತೊಳ್ಕೊಂಡು ಊಟಕ್ಕೆ ಬಾ.”

ಹುಡುಗಿ ಊಟಕ್ಕೆ ಬರಲಿಲ್ಲ. ಓಟದ ದಿನ ಬೆಳಿಗ್ಗೆಯೂ ಮಾತಾಡದೆ ಹೊರಟಳು. ಮೇಡಂ ಅವಳ ಚೀಲದಲ್ಲಿ ಬುತ್ತಿ ಇಟ್ಟಿದ್ದರು, ಆದರೆ ಅಂಕ ಅಂಕವೇ.

ಆ ಓಟದ ಬಗ್ಗೆ ಸ್ವಲ್ಪ ಹೇಳಬೇಕು. ವರ್ಷಕ್ಕೊಮ್ಮೆ ಹುಡುಗಿಯರಿಗೆ ಆರು ಕಿಲೋಮೀಟರು. ಶಾಲೆಯ ಗೇಟಿನಿಂದ ಹೊರಟು, ಹಿಟ್ಟಿನ ಗಿರಣಿ ದಾಟಿ, ಕಾಲುವೆಗೆ ಇಳಿದು, ಅದರ ಒಣ ತಳದಲ್ಲೇ ಒಂದು ಕಿಲೋಮೀಟರು ಓಡಿ, ಸೇತುವೆಯ ಹತ್ತಿರ ಮೇಲೆ ಹತ್ತಿ ವಾಪಸು ಬರಬೇಕು. ಅವತ್ತು ಬೆಳಗಿನಿಂದ ಕಾಲುವೆಯ ತೂಬು ಮುಚ್ಚಿರುತ್ತದೆ. ತೂಬು ಇರುವುದು ಎರಡು ತಿರುವು ಮೇಲೆ. ಅಲ್ಲಿ ಕೂತ ತೂಬಿನವನಿಗೆ ಓಡುವವರು ಕಾಣುವುದಿಲ್ಲ, ಶಾಲೆಯ ಗಂಟೆ ಮಾತ್ರ ಕೇಳುತ್ತದೆ. ಗಂಟೆ ಮೂರು ಏಟು ಬಿದ್ದರೆ ಓಟ ಮುಗಿದಂತೆ, ಅವನು ನೀರು ಬಿಡುತ್ತಾನೆ.

ಓಟ ಮುಗಿಯಿತೆಂದು ಹೇಳುವುದು ಒಂದು ಹಳೆಯ ಬಿಸ್ಕತ್ತಿನ ಡಬ್ಬಿ. ಎಷ್ಟು ಹುಡುಗಿಯರು ಹೊರಟರೋ ಅಷ್ಟು ಹಿತ್ತಾಳೆ ಬಿಲ್ಲೆಗಳನ್ನು, ಒಂದರಿಂದ ಅಂಕಿ ಕೊರೆದವನ್ನು, ಅದರಲ್ಲಿ ಕ್ರಮವಾಗಿ ಜೋಡಿಸುತ್ತಾರೆ. ಗೆರೆ ದಾಟಿದವಳು ಅಂಗೈ ಚಾಚಬೇಕು, ಗೆರೆಯ ಪಕ್ಕ ಮೇಜು ಹಾಕಿ ಕೂತ ಮೇಡಂ ಅದರಲ್ಲಿ ಬಿಲ್ಲೆ ಇಡುತ್ತಾರೆ. ಡಬ್ಬಿ ಖಾಲಿಯಾದರೆ ಎಲ್ಲರೂ ಬಂದ ಹಾಗೆ. ಮೇಡಂ ತಲೆ ಎತ್ತುವುದಿಲ್ಲ. ಮುಖ ನೋಡುತ್ತಾ ಕೂತರೆ ಕ್ರಮ ತಪ್ಪುತ್ತದೆ ಎಂದು ಮೊದಲ ವರ್ಷವೇ ಕಲಿತಿದ್ದರು. ಹೀಗಾಗಿ ಅವರು ನೋಡುತ್ತಿದ್ದದ್ದು ಬರೀ ಕೈಗಳನ್ನು.

ಗಂಟೆ ಹೊಡೆಯುವವಳು ಶಾಲೆಯ ಆಯಾ, ಗಂಟೆಯಮ್ಮ. ಇಪ್ಪತ್ತೆರಡು ವರ್ಷದ ಹಿಂದೆ ಅವಳ ಮಗಳೂ ಇದೇ ಓಟ ಓಡಿದ್ದಳು. ಮಾರನೆಯ ದಿನ ಸೇತುವೆಯ ಕೆಳಗಿನ ಕಬ್ಬಿಣದ ಜಾಲರಿಯಲ್ಲಿ ಸಿಕ್ಕಿದಳು. ಓಟ ಮುಗಿಸಿದ ಹುಡುಗಿ ನೀರಾಡಲು ಮತ್ತೆ ಕಾಲುವೆಗೆ ಯಾಕೆ ಹೋದಳೋ ಎಂದು ಊರು ಮರುಗಿತು. ಶಾಲೆಯವರು ತಾಯಿಗೆ ಕನಿಕರದಿಂದ ಈ ಕೆಲಸ ಕೊಟ್ಟರು. ಗಂಟೆಯಮ್ಮ ಪ್ರತಿವರ್ಷ ಹೊಸ ಹುಡುಗಿಯರಿಗೆ, “ನನ್ನ ಮಗಳು ಓಟ ಮುಗಿಸಿದ್ಲು ಕಣ್ರೇ. ಮೇಡಮ್ಮೋರೇ ಕೈಯಾರೆ ಬಿಲ್ಲೆ ಕೊಟ್ಟಿದ್ರು,” ಎನ್ನುವಳು. ಆಮೇಲೆ ಮೇಡಂ ಕಡೆ ತಿರುಗಿ ಪ್ರತಿವರ್ಷ ಅದೇ ಪ್ರಶ್ನೆ ಕೇಳುವಳು.

“ಗೆರೆ ದಾಟ್ವಾಗ ನಗ್ತಿದ್ಲಾ ಮೇಡಮ್ಮೋರೆ?”

“ನಗ್ತಿದ್ಲಮ್ಮ,” ಎಂದು ಮೇಡಂ ಪ್ರತಿವರ್ಷ ಹೇಳುತ್ತಿದ್ದರು.

ಅದು ಸುಳ್ಳು. ಮುಚ್ಚಿಟ್ಟು ಏನು ಪ್ರಯೋಜನ, ಇಲ್ಲೇ ಹೇಳಿಬಿಡುತ್ತೇನೆ. ಅವತ್ತು ಓಡಿದ್ದು ಮೂವತ್ತೊಂದು ಹುಡುಗಿಯರು. ಮೂವತ್ತು ಬಿಲ್ಲೆ ಕೊಟ್ಟಾಗಿತ್ತು, ಒಂದು ಉಳಿದಿತ್ತು. ಮೇಡಂ ಕಾದರು. ಮಾರನೆಯ ದಿನ ಅಂಕಪಟ್ಟಿ ಒಪ್ಪಿಸಬೇಕು, ಎರಡು ಕಟ್ಟು ಉತ್ತರಪತ್ರಿಕೆ ಮನೆಯಲ್ಲಿ ಬಿದ್ದಿದ್ದವು. ಹಿಂದೆ ಬಿದ್ದ ಹುಡುಗಿಯರು ನಾಚಿಕೊಂಡು ಗಿರಣಿ ಸಂದಿಯಿಂದಲೇ ಮನೆಗೆ ಜಾರುವುದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಯಾರೂ ನೋಡದಾಗ ಮೇಡಂ ಆ ಕೊನೆಯ ಬಿಲ್ಲೆಯನ್ನು ತಮ್ಮ ಕೈಚೀಲಕ್ಕೆ ಹಾಕಿಕೊಂಡು, ಪಟ್ಟಿಯಲ್ಲಿ ಉಳಿದ ಹೆಸರನ್ನು ಮೂವತ್ತೊಂದರ ಮುಂದೆ ಬರೆದು, ಖಾಲಿ ಡಬ್ಬಿ ಎತ್ತಿ ತೋರಿಸಿದರು. ಗಂಟೆ ಮೊಳಗಿತು. ನೀರು ಬಂತು.

ಅರ್ಧ ಅಂಕವನ್ನೂ ಬಿಟ್ಟುಕೊಡದ ಹೆಂಗಸು ಒಮ್ಮೆ ಮಾತ್ರ ಲೆಕ್ಕ ಸರಿದೂಗಿಸಿದ್ದು, ಅದೂ ಒಂದು ಇಡೀ ಮಗುವಿನ ಲೆಕ್ಕ. ಆ ಬಿಲ್ಲೆ ಇಂದಿಗೂ ಅವರ ಕೈಚೀಲದ ಜಾಮಿಟ್ರಿ ಡಬ್ಬಿಯಲ್ಲಿತ್ತು. ಅಂದಿನಿಂದ ಮೂವತ್ತಕ್ಕಿಂತ ಹೆಚ್ಚು ಹುಡುಗಿಯರನ್ನು ಅವರು ಓಟಕ್ಕೆ ಸೇರಿಸುತ್ತಿರಲಿಲ್ಲ. ಕಾಲುವೆಯ ದಾರಿಯೇ ಬೇಡ ಎನ್ನಬಹುದಿತ್ತು. ಯಾಕೆ ಮೇಡಂ ಎಂದು ಯಾರಾದರೂ ಕೇಳಿಬಿಟ್ಟರೆ? ಆ ಭಯಕ್ಕೆ ಬಾಯಿಗೆ ಬೀಗ ಹಾಕಿಕೊಂಡರು.

ಈ ವರ್ಷ ಓಡಿದ್ದು ಇಪ್ಪತ್ತೇಳು ಜನ. ಬಿಲ್ಲೆಗಳನ್ನು ಮೇಡಂ ಮೂರು ಸಲ ಎಣಿಸಿದ್ದರು. ಆಟದ ಮೇಷ್ಟ್ರು, ಕೊರಳಲ್ಲಿ ಸದಾ ಸೀಟಿ ತೂಗಾಡಿಸಿಕೊಂಡಿರುವ ಯುವಕ, ಮೂರೂವರೆಗೆ ಸೀಟಿ ಊದಿದ. ನಾಲ್ಕು ಗಂಟೆಗೆ ಮೊದಲ ಕೈ ಬಂತು. ಬೆವರಿನ ಕೈ, ಶಾಯಿ ಮೆತ್ತಿದ ಕೈ, ಉಗುರು ಕಚ್ಚಿದ ಕೈ. ಪ್ರತಿ ಕೈಯಲ್ಲೂ ಅವರು ಹುಡುಕುತ್ತಿದ್ದದ್ದು ಮಿಡತೆಯ ಕೈಯನ್ನು, ಹೆಬ್ಬೆರಳ ಬುಡದಲ್ಲಿ ಮಚ್ಚೆಯಿರುವ ಕೈಯನ್ನು. ಅವಳು ಮೊದಲ ಮೂರರಲ್ಲಿರಬೇಕಿತ್ತು. ಹತ್ತಾಯಿತು, ಇಪ್ಪತ್ತಾಯಿತು. ಸಿಟ್ಟಿಗೆ ಬೇಕೆಂದೇ ನಿಧಾನ ಮಾಡುತ್ತಿದ್ದಾಳೆ, ಮನೆಗೆ ಬರಲಿ, ಎಂದುಕೊಂಡರು. ಇಪ್ಪತ್ತಾರನೆಯ ಬಿಲ್ಲೆಯೂ ಹೋದ ಮೇಲೆ ಅವರು ಗೇಟಿನ ಕಡೆ ಕಿವಿಗೊಟ್ಟು ಕೂತರು.

ಡಬ್ಬಿಯಲ್ಲಿ ಒಂದೇ ಒಂದು ಉಳಿದಿತ್ತು. ಹುಡುಗಿಯರು ದೂರದ ಮರದ ಕೆಳಗೆ ನೀರು ಕುಡಿಯುತ್ತಿದ್ದರು, ಮೇಷ್ಟ್ರು ಹಗ್ಗ ಸುತ್ತುತ್ತಿದ್ದ. ಆಗ ಒದ್ದೆ ಬೂಟಿನ ಸದ್ದು ಬಂತು. ಪಚಕ್, ಪಚಕ್. ಅಂಗೈ ಒಂದು ಮುಂದೆ ಬಂತು. ಮೇಡಂ ಅಭ್ಯಾಸದಂತೆ ಬಿಲ್ಲೆ ಎತ್ತಿ ಇಟ್ಟರು.

ಇಟ್ಟ ಮೇಲೆ ಅವರ ಬೆರಳಿಗೆ ಆ ಕೈ ತಾಗಿತು. ಬಾವಿಯ ತಳದ ಕಲ್ಲಿನ ಹಾಗೆ ತಣ್ಣಗಿತ್ತು. ದಿನವಿಡೀ ಬಟ್ಟೆ ಒಗೆದ ಕೈಯಂತೆ ಚರ್ಮ ಬಿಳುಚಿ ನೆರಿಗೆಗಟ್ಟಿತ್ತು. ಉಗುರಿನ ಸಂದಿಯಲ್ಲಿ ಹಸಿರು ಪಾಚಿ. ಹೆಬ್ಬೆರಳ ಬುಡದಲ್ಲಿ ಮಚ್ಚೆ ಇರಲಿಲ್ಲ.

ತಲೆ ಎತ್ತಿದರೆ ಎದುರಿಗೆ ಯಾರೂ ಇಲ್ಲ. ಗೇಟಿನಿಂದ ಮೇಜಿನವರೆಗೆ ಒದ್ದೆ ಹೆಜ್ಜೆಗಳಿದ್ದವು, ಮೇಜಿನಿಂದ ಆಚೆಗೆ ಒಂದೂ ಇರಲಿಲ್ಲ.

“ಅಂತೂ ಬಂದ್ಲು ನಮ್ಮ ಮಿಡತೆ!” ಎಂದು ಮೇಷ್ಟ್ರು ನಕ್ಕ. “ಡಬ್ಬಿ ಖಾಲಿ ಅಲ್ವಾ ಮೇಡಂ? ತೂಬಿನವನು ಆಗ್ಲೇ ಎರಡು ಸಲ ಫೋನ್ ಮಾಡಿದಾನೆ.”

“ನೀನು ನೋಡಿದ್ಯಾ ಅವಳನ್ನ?”

“ಬೆನ್ನು ನೋಡಿದೆ. ಎರಡು ಜಡೆ ಮಡಚಿ ಕಟ್ಟಿ, ಕೆಂಪು ರಿಬ್ಬನ್ನು…” ಮಾತು ಅರ್ಧಕ್ಕೇ ನಿಂತಿತು. ಅವನಿಗೂ ಹೊಳೆಯಿತು.

“ಮಿಡತೆಗೆ ಜಡೆ ಎಲ್ಲಿದೆಯೋ?” ಎಂದರು ಮೇಡಂ.

ಅಷ್ಟರಲ್ಲಿ ಮೊದಲ ಏಟು ಬಿತ್ತು. ಖಾಲಿ ಡಬ್ಬಿ ದೂರದಿಂದಲೇ ಕಂಡು ಗಂಟೆಯಮ್ಮ ತನ್ನ ಕೆಲಸ ಶುರು ಮಾಡಿದ್ದಳು. ಗಂಟೆಯೆಂದು ನೇತುಹಾಕಿದ ರೈಲು ಕಂಬಿಯ ತುಂಡು ಊರಿಡೀ ಕೇಳುವಂತೆ ಮೊಳಗಿತು.

ಐವತ್ತೇಳು ವರ್ಷದ ಮೇಡಂ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಿದರು. ಚಪ್ಪಲಿ ಎಲ್ಲೋ ಬಿತ್ತು.

“ಹೊಡೀಬೇಡ! ನಿಲ್ಸು!”

ಎರಡನೆಯ ಏಟು ಬಿತ್ತು.

“ಯಾಕೆ ಮೇಡಮ್ಮೋರೆ? ಡಬ್ಬಿ ಖಾಲಿ ಆಯ್ತಲ್ಲ. ಡಬ್ಬಿ ಖಾಲಿ ಆದ್ರೆ ಎಲ್ರೂ ಬಂದ ಹಾಗೆ. ನೀವೇ ಹೇಳಿದ್ದು,” ಎನ್ನುತ್ತಾ ಗಂಟೆಯಮ್ಮ ಸುತ್ತಿಗೆ ಮತ್ತೆ ಎತ್ತಿದಳು. ಇಪ್ಪತ್ತೆರಡು ವರ್ಷ ಆ ಒಂದು ಮಾತನ್ನು ನಂಬಿಯೇ ಅವಳು ಬದುಕಿದ್ದಳು.

“ಬಂದ ಹಾಗಲ್ಲ! ನಿನ್ನ ಮಗಳು ಬಂದಿರ್ಲಿಲ್ಲ!”

ಸುತ್ತಿಗೆ ಗಾಳಿಯಲ್ಲೇ ನಿಂತಿತು. ಮೇಡಂ ಹೆಗಲ ಕೈಚೀಲದಿಂದ ಜಾಮಿಟ್ರಿ ಡಬ್ಬಿ ತೆಗೆದು ನೆಲಕ್ಕೆ ಸುರುವಿದರು. ಕೈವಾರ, ಸೀಮೆಸುಣ್ಣದ ತುಂಡು, ಕೊನೆಗೆ ಕಿಲುಬು ಹಿಡಿದ ಹಿತ್ತಾಳೆ ಬಿಲ್ಲೆ.

“ನಾನು ಅವಳಿಗೆ ಕೊಡ್ಲಿಲ್ಲ. ಬಚ್ಚಿಟ್ಟೆ. ಅವಳು ಇನ್ನೂ ಕಾಲುವೇಲಿದ್ಲು, ನಾನು ಗಂಟೆ ಹೊಡ್ಸಿದೆ. ಈಗ ನನ್ನ ಮಗು ಅಲ್ಲಿದೆ. ನಿನ್ನ ಕಾಲಿಗೆ ಬೀಳ್ತೀನಿ, ಹೊಡೀಬೇಡ.”

ಮರದ ಕೆಳಗಿನ ಹುಡುಗಿಯರೆಲ್ಲ ಎದ್ದು ನಿಂತಿದ್ದರು. ಮೇಷ್ಟ್ರ ಬೈಕು ಆಗಲೇ ಗೇಟು ದಾಟಿತ್ತು. ಗಂಟೆಯಮ್ಮ ಸುತ್ತಿಗೆಯನ್ನು ಮಡಿಲಲ್ಲಿಟ್ಟುಕೊಂಡು ಗಂಟೆಯ ಕೆಳಗೆ ಕೂತಳು. ಬೈಯಲಿ, ಹೊಡೆಯಲಿ ಎಂದು ಮೇಡಂ ಎದುರಿಗೇ ನಿಂತಿದ್ದರು. ಅದೂ ಆಗಲಿಲ್ಲ.

ಅರ್ಧ ಗಂಟೆಗೆ ಬೈಕು ಬಂತು. ಹಿಂದೆ ಮಿಡತೆ, ಒಂದು ಕಾಲು ಊದಿ ಗಡಿಗೆಯಾಗಿತ್ತು. ಮೇಡಂ ಅವಳನ್ನು ತಬ್ಬಿಕೊಂಡು ಗೊಳೋ ಎಂದು ಅತ್ತರು. ಅವರು ಅಳುವುದನ್ನು ಆ ಶಾಲೆ ನೋಡಿದ್ದು ಅದೇ ಮೊದಲು.

“ಸಿಟ್ಟಿಗೆ ಎಲ್ರಿಗಿಂತ ಹಿಂದೆ ಉಳಿದಿದ್ದೆ. ಸೇತುವೆ ಕೆಳಗಿನ ಜಾಲರೀಲಿ ಕಾಲು ಸಿಕ್ಕಾಕ್ಕೊಂಡಿತ್ತು ದೊಡ್ಡಮ್ಮ,” ಎಂದಳು ಹುಡುಗಿ. ಅವಳ ಹಲ್ಲು ಕಟಕಟ ಎನ್ನುತ್ತಿತ್ತು. “ಒಬ್ಳು ಬಂದ್ಲು. ಎರಡು ಜಡೆ. ಅವಳನ್ನ ನಾನು ಸ್ಕೂಲಲ್ಲಿ ಯಾವತ್ತೂ ನೋಡಿಲ್ಲ. ಕಾಲು ಬಿಡ್ಸು ಅಂದೆ. ಅವಳು, ನಿನ್ನ ಬದಲು ನಾನು ಹೋಗ್ತೀನಿ, ನನ್ನ ಜಾಗದಲ್ಲಿ ನೀನಿರು ಅಂದ್ಲು. ತಮಾಷೆ ಮಾಡ್ತಿದಾಳೆ ಅಂದ್ಕೊಂಡೆ. ಹೊರಟೇ ಹೋದ್ಲು.”

“ಆಮೇಲೆ?”

“ಗಂಟೆ ಎರಡು ಏಟು ಕೇಳಿಸ್ತು. ಸ್ವಲ್ಪ ಹೊತ್ತಿಗೆ ವಾಪಸ್ ಬಂದ್ಲು. ಇದನ್ನ ನನ್ನ ಮೇಲೆ ಎಸೆದ್ಲು.” ಹುಡುಗಿ ಮುಷ್ಟಿ ಬಿಚ್ಚಿದಳು. ಒದ್ದೆಯಾದ ಇಪ್ಪತ್ತೇಳನೆಯ ಬಿಲ್ಲೆ. “ಇದು ನಂದಲ್ಲ ಅಂದ್ಲು. ಅಷ್ಟೇ. ನನ್ನ ಕಾಲು ಅದಾಗೇ ಬಿಟ್ಕೊಂಡ್ತು.”

ಆಗ ಗಂಟೆಯಮ್ಮ ಬಾಯಿ ಬಿಟ್ಟಳು. ಮಾತು ಮೆಲ್ಲಗಿತ್ತು.

“ಹಾಗಾದ್ರೆ ಅವಳು ಇನ್ನೂ ಓಡ್ತಾನೇ ಇದಾಳಾ ಮೇಡಮ್ಮೋರೆ?”

ಮೇಡಂ ಮಿಡತೆಯನ್ನು ಆಸ್ಪತ್ರೆಗೆ ಕರೆದೊಯ್ಯಲು ಮೇಷ್ಟ್ರಿಗೆ ಹೇಳಿದರು. ಹುಡುಗಿಯರನ್ನೆಲ್ಲ ಮನೆಗೆ ಕಳಿಸಿದರು. ತೂಬಿನವನಿಗೆ ತಾವೇ ಫೋನ್ ಮಾಡಿ, “ಓಟ ಇನ್ನೂ ಮುಗಿದಿಲ್ಲಪ್ಪ, ಒಬ್ಬಳು ಬರಬೇಕು,” ಎಂದರು. ಆಮೇಲೆ ಬಿಸ್ಕತ್ತಿನ ಡಬ್ಬಿಯಲ್ಲಿ ಮೂವತ್ತೊಂದನೆಯ ಬಿಲ್ಲೆಯನ್ನು ಹಾಕಿ ಗೆರೆಯ ಪಕ್ಕ ಕುರ್ಚಿ ಹಾಕಿಕೊಂಡು ಕೂತರು. ಗಂಟೆಯಮ್ಮ ಬಂದು ನೆಲದ ಮೇಲೆ ಕೂತಳು. ಮೇಡಂ ಎದ್ದು ಅವಳ ಪಕ್ಕ ನೆಲಕ್ಕೇ ಕೂತರು.

ಮೈದಾನದ ನೆರಳುಗಳು ಉದ್ದವಾದವು. ತರಗತಿಗಳ ಕಿಟಕಿಗಳನ್ನು ಗಾಳಿ ಒಂದೊಂದಾಗಿ ಬಡಿಯಿತು. ಸೂರ್ಯ ಗಿರಣಿಯ ಹಿಂದೆ ಇಳಿಯುವ ಹೊತ್ತಿಗೆ ಗೇಟಿನ ಕಡೆಯಿಂದ ಸದ್ದು ಬಂತು. ಪಚಕ್, ಪಚಕ್. ತೀರಾ ನಿಧಾನ. ಕಾಲೆಳೆದುಕೊಂಡು ಬರುವವರ ಸದ್ದು.

ಗಂಟೆಯಮ್ಮ ಮೇಡಂ ಮೊಣಕೈ ಗಟ್ಟಿಯಾಗಿ ಹಿಡಿದಳು. ಮಣ್ಣಿನ ಮೇಲೆ ಒದ್ದೆ ಹೆಜ್ಜೆ ಒಂದಾದ ಮೇಲೊಂದು ಮೂಡಿ ಗೆರೆ ದಾಟಿತು. ಅಂಗೈ ಮುಂದೆ ಬಂತು. ಮೇಡಂ ಬಿಲ್ಲೆ ಇಟ್ಟರು. ಈ ಸಲ ಅವರು ಕೈ ನೋಡಲಿಲ್ಲ, ತಲೆ ಎತ್ತಿ ಮುಖ ನೋಡಿದರು, ಅದು ಇರುವವರೆಗೂ ನೋಡಿದರು.

ಡಬ್ಬಿ ಖಾಲಿಯಾಗಿತ್ತು.

“ನಂಗೆ ಹೆಜ್ಜೆ ಮಾತ್ರ ಕಾಣ್ತು ಮೇಡಮ್ಮೋರೆ,” ಎಂದಳು ಗಂಟೆಯಮ್ಮ. “ನಗ್ತಿದ್ಲಾ?”

“ಇಲ್ಲಮ್ಮ. ತುಂಬ ಸುಸ್ತಾಗಿದ್ಲು.”

ಗಂಟೆಯಮ್ಮ ತಲೆದೂಗಿದಳು.

“ಆಗಿರತ್ತೆ. ಎಷ್ಟು ದೂರದಿಂದ ಬಂದಿದಾಳೆ.”

ಅವಳು ಸೆರಗಿನಿಂದ ಮುಖ ಒರೆಸಿಕೊಂಡು, ಎದ್ದು ಹೋಗಿ, ಉಳಿದಿದ್ದ ಮೂರನೆಯ ಏಟು ಹೊಡೆದಳು.